ಬ್ಯಾಗ್ ಹಿಡಿಯೋ ಮೊದ್ಲು ಫೀಸ್ ಕಟ್ಟಬೇಕಾ?

ಡಿಗ್ರಿ ರಿಸಲ್ಟ್ ಬಂದು ಎರಡು ತಿಂಗಳಾಗೋದ್ರೊಳಗೆ ನಮ್ಮ ಕಡೆಯಿಂದ ಬರೋ ಫೋನ್‌ಗಳ ಧಾಟಿ ಬದಲಾಗುತ್ತೆ. ಮೊದಲು ‘ಅಣ್ಣಾ, ಬೆಂಗಳೂರಾಗೆ ಏನರ ಕೆಲ್ಸ ಇದ್ರೆ ಹೇಳು’ ಅಂತಿದ್ದೋರು, ಆಮೇಲೆ ‘ಅಣ್ಣಾ, ಈ ಟ್ರೇನಿಂಗ್ ಸೇರಿದ್ರೆ ಕೆಲ್ಸ ಗ್ಯಾರಂಟಿ ಅಂತೆ, ಸೇರ್ಲಾ?’ ಅಂತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಯಾವ ಊರಿನ ಹುಡುಗರನ್ನ ಕೇಳಿದ್ರೂ ಇದೇ ಕಥೆ. ಬಿ.ಎಸ್ಸಿ. ಮಾಡಿದೋರಿಗಂತೂ ಮೆಡಿಕಲ್ ರೆಪ್ ಕೆಲಸ ಕಣ್ಣಿಗೆ ಹತ್ತಿರದ್ದು. ಟೈ ಕಟ್ಟಿ, ಬ್ಯಾಗ್ ಹಿಡಿದು, ಡಾಕ್ಟರ್ ಬಾಗಿಲಲ್ಲಿ ನಿಂತವರನ್ನ ಎಲ್ಲರೂ ನೋಡಿರ್ತಾರೆ.

ಈ ಸಲ ಕೇಳಿದ್ದು ನನ್ನ ಚಿಗಪ್ಪನ ಮಗ. ಮೂರು ತಿಂಗಳ ಟ್ರೇನಿಂಗ್, ಫೀಸ್ 45,000 ರೂಪಾಯಿ, ಊಟ-ವಸತಿ ಬೇರೆ. ಪಾಂಪ್ಲೆಟ್‌ನಲ್ಲಿ ದಪ್ಪ ಅಕ್ಷರದಲ್ಲಿ ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’. ಚಿಗಪ್ಪ ಆಗಲೇ ಬಡ್ಡಿ ಸಾಲಕ್ಕೆ ಒಬ್ಬರ ಹತ್ತಿರ ಮಾತಾಡಿಟ್ಟಿದ್ರು. ನಾನು ಕೋಡ್ ಬರೆಯೋನು, ಔಷಧಿ ಮಾರಿದವನಲ್ಲ. ಹಾಗಾಗಿ ನನ್ನ ಜೊತೆ ಪಿಯುಸಿ ಓದಿ ಈಗ ಹೊಸಪೇಟೆಯಲ್ಲಿ ರೆಪ್ ಆಗಿರೋ ಗೆಳೆಯನಿಗೂ, ಊರಿನ ಮೆಡಿಕಲ್ ಶಾಪ್ ಮಾವನಿಗೂ ಫೋನ್ ಹಚ್ಚಿ ಒಂದು ವಾರ ತಲೆ ತಿಂದೆ. ಆಮೇಲೆ ತಮ್ಮನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಕೆಲಸ ಅಂದ್ರೆ ಏನು?

ಬೆಳಿಗ್ಗೆ ಬೈಕೋ ಬಸ್ಸೋ ಹತ್ತಿ ಒಂದು ಊರು. ದಿನಕ್ಕೆ ಇಂತಿಷ್ಟು ಡಾಕ್ಟರ್, ಇಂತಿಷ್ಟು ಔಷಧಿ ಅಂಗಡಿ ಅಂತ ಲೆಕ್ಕ. ಪೇಷಂಟ್‌ಗಳ ನಡುವೆ ಡಾಕ್ಟರ್ ಸಿಗೋದು ಎರಡು ನಿಮಿಷ. ಯಾವ ಔಷಧಿ, ಯಾರಿಗೆ, ನಮ್ಮದೇ ಯಾಕೆ ಅನ್ನೋದನ್ನ ಅಷ್ಟರಲ್ಲಿ ಹೇಳಬೇಕು. ಇದಕ್ಕೆ ಡಿಟೇಲಿಂಗ್ ಅಂತಾರೆ. ಹೊರಗೆ ಬಂದು ಪಕ್ಕದ ಅಂಗಡಿಗೆ ಹೋಗಿ ಚೀಟಿ ಬರ್ತಿದೆಯಾ, ಸ್ಟಾಕ್ ಇದೆಯಾ, ಎಕ್ಸ್‌ಪೈರಿ ಮಾಲು ಎಷ್ಟು ವಾಪಸ್ ಅಂತ ಕೇಳಬೇಕು. ರಾತ್ರಿ ಆ್ಯಪ್‌ನಲ್ಲಿ ದಿನದ ರಿಪೋರ್ಟ್. ತಿಂಗಳ ಕೊನೆಗೆ ಟಾರ್ಗೆಟ್.

ಟಾರ್ಗೆಟ್ ಒಳಗೆ ಒಂದು ಸೂಕ್ಷ್ಮ ಇದೆ. ಕಂಪನಿಯಿಂದ ಸ್ಟಾಕಿಸ್ಟ್‌ಗೆ ಹೋದ ಮಾಲು ಪ್ರೈಮರಿ ಸೇಲ್. ಸ್ಟಾಕಿಸ್ಟ್‌ನಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ತಿಂಗಳ ಕೊನೆಯ ಎರಡು ದಿನದಲ್ಲಿ ಸ್ಟಾಕಿಸ್ಟ್ ಗೋಡೌನ್ ತುಂಬಿಸಿ ಪ್ರೈಮರಿ ತೋರಿಸಬಹುದು. ಆದರೆ ಡಾಕ್ಟರ್ ಚೀಟಿ ಬರೀದಿದ್ರೆ ಆ ಮಾಲು ಅಲ್ಲೇ ಕೂತು ಕೊನೆಗೆ ರೆಪ್ ತಲೆಗೇ ಬರುತ್ತೆ. ‘ಈ ಒತ್ತಡ ತಡಕೊಳ್ಳೋದನ್ನ ಯಾವ ಕ್ಲಾಸೂ ಕಲಿಸಲ್ಲ’ ಅಂದ ನನ್ನ ಗೆಳೆಯ.

ಸಿಲಬಸ್‌ಗೆ ನಡುವೆ ಗೆರೆ ಎಳೀರಿ

ಪಾಂಪ್ಲೆಟ್ ಹಿಂದೆ ಸಿಲಬಸ್ ಇತ್ತು: ದೇಹರಚನೆ, ಔಷಧಿಗಳ ಪರಿಚಯ, ಡಿಟೇಲಿಂಗ್, ಮಾರ್ಕೆಟಿಂಗ್ ಪದಗಳು, ಸ್ಪೋಕನ್ ಇಂಗ್ಲಿಷ್, ಇಂಟರ್‌ವ್ಯೂ ತಯಾರಿ. ತಮ್ಮನಿಗೆ ಅಂದೆ: ‘ಒಂದು ಹಾಳೆ ತಗೊಂಡು ನಡುವೆ ಗೆರೆ ಎಳಿ. ಕೆಲಸ ಕೊಟ್ಟ ಮೇಲೆ ಕಂಪನಿನೇ ಕಲಿಸೋದನ್ನ ಎಡಕ್ಕೆ ಬರಿ, ಕಂಪನಿ ಕಲಿಸದೇ ಇರೋದನ್ನ ಬಲಕ್ಕೆ ಬರಿ.’

ಎಡಭಾಗವೇ ತುಂಬಿಹೋಯ್ತು. ಒಳ್ಳೆ ಕಂಪನಿಗಳು ಆರಿಸಿಕೊಂಡ ಹುಡುಗರನ್ನ ಕೂರಿಸಿ, ತಮ್ಮ ಔಷಧಿಗೆ ಬೇಕಾದಷ್ಟು ದೇಹರಚನೆ, ಔಷಧಿ ಹೇಗೆ ಕೆಲಸ ಮಾಡುತ್ತೆ, ಎದುರಾಳಿ ಬ್ರ್ಯಾಂಡ್ ಯಾವುದು ಅಂತೆಲ್ಲ ಕಲಿಸಿ, ಪರೀಕ್ಷೆ ಇಟ್ಟು, ಆಮೇಲೆ ಫೀಲ್ಡ್‌ಗೆ ಬಿಡ್ತಾರೆ. ಕಂಪನಿ ಬದಲಿಸಿದ ಅನುಭವಿ ರೆಪ್ ಕೂಡ ಹೊಸ ಕಂಪನಿಯಲ್ಲಿ ಮತ್ತೆ ಪಾಠಕ್ಕೆ ಕೂರಬೇಕು. ಯಾಕಂದ್ರೆ ಹೃದಯದ ಮಾತ್ರೆ ಮಾರೋನಿಗೆ ಬೇಕಾದ ಪಾಠವೇ ಬೇರೆ, ಚರ್ಮದ ಮುಲಾಮು ಮಾರೋನಿಗೆ ಬೇಕಾದ್ದೇ ಬೇರೆ. ಹೊರಗೆ ದುಡ್ಡು ಕೊಟ್ಟು ಎಲ್ಲವನ್ನೂ ಮೇಲ್ಮೇಲೆ ಕಲಿತು ಬಂದ್ರೂ ಅಲ್ಲಿ ಮತ್ತೆ ಮೊದಲಿಂದ.

ನಮ್ಮ ಐಟಿಯಲ್ಲೂ ಹೀಗೇ. ಕಂಪನಿ ತನ್ನ ಒಳಗಿನ ಟೂಲ್‌ಗಳನ್ನ ಸಂಬಳ ಕೊಟ್ಟೇ ಕಲಿಸುತ್ತೆ. ಎಲ್ಲಿಗೆ ಹೋದ್ರೂ ಬೇಕಾಗೋ ಲಾಜಿಕ್ಕು, ನಾಲ್ಕು ಜನರ ಮುಂದೆ ಮಾತಾಡೋ ಧೈರ್ಯ ಮಾತ್ರ ನಾವೇ ತರಬೇಕು. ಕಂಪನಿಯ ಕೆಲಸಕ್ಕೆ ಮಾತ್ರ ಬೇಕಾದ ವಿದ್ಯೆಗೆ ಕಂಪನಿ ದುಡ್ಡು ಹಾಕಲಿ. ಜೀವನಪೂರ್ತಿ ನಮ್ಮ ಜೊತೆ ಬರೋ ವಿದ್ಯೆಗೆ ನಾವು ಹಾಕೋಣ.

ತಮ್ಮನ ಹಾಳೆಯ ಬಲಭಾಗದಲ್ಲಿ ಉಳಿದಿದ್ದು ಮೂರು: ಇಂಗ್ಲಿಷ್, ಅಂಜದೆ ಮಾತಾಡೋದು, ಇಂಟರ್‌ವ್ಯೂ ಅಭ್ಯಾಸ. ಇವಕ್ಕೆ ದುಡ್ಡು ಕೊಡೋದು ತಪ್ಪಲ್ಲ. ಆದರೆ ಇವು 45,000ದ ಸಾಮಾನಲ್ಲ. ಡಿ.ಫಾರ್ಮಾ, ಬಿ.ಫಾರ್ಮಾ ಮಾಡಿದೋರಿಗಂತೂ ಎಡಭಾಗದ ಪಾಠ ಆಗಲೇ ಆಗಿದೆ. ಹರಪನಹಳ್ಳಿಯಲ್ಲೇ ಎಸ್.ಸಿ.ಎಸ್. ಫಾರ್ಮಸಿ ಕಾಲೇಜಿದೆ. ಅಂಥಲ್ಲಿ ವರ್ಷಗಟ್ಟಲೆ ಓದಿದ್ದನ್ನೇ ಮತ್ತೆ ಮೂರು ತಿಂಗಳ ಕೋರ್ಸಿನಲ್ಲಿ ದುಡ್ಡು ಕೊಟ್ಟು ಕೇಳೋದ್ಯಾಕೆ?

ಲೆಕ್ಕ ಹಾಕಿದ್ರೆ

ಫೀಸ್ 45,000. ರೂಮು, ಊಟ ತಿಂಗಳಿಗೆ 8,000 ಅಂತ ಹಿಡಿದ್ರೂ ಮೂರು ತಿಂಗಳಿಗೆ 24,000. ಒಟ್ಟು 69,000. ಚಿಗಪ್ಪ ಕೇಳಿದ್ದು ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಸಾಲ. ಅಂದ್ರೆ ತಿಂಗಳಿಗೆ 2,070 ರೂಪಾಯಿ ಬಡ್ಡಿ, ವರ್ಷಕ್ಕೆ 24,840. ಅಸಲು ಹಾಗೇ ನಿಂತಿರುತ್ತೆ.

ಇನ್ನೊಂದು ಅಳತೆ ನೋಡಿ. ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರದ ಯುವನಿಧಿ ತಿಂಗಳಿಗೆ 3,000 ರೂಪಾಯಿ ಕೊಡುತ್ತೆ, ಹೆಚ್ಚೆಂದ್ರೆ ಎರಡು ವರ್ಷ. ಪೂರ್ತಿ ಬಂದ್ರೆ 72,000. ಎರಡು ವರ್ಷದ ಯುವನಿಧಿಯಷ್ಟು ದುಡ್ಡು ಹೆಚ್ಚುಕಮ್ಮಿ ಮೂರು ತಿಂಗಳಲ್ಲಿ ಖರ್ಚು. ಕೆಲಸ ಸಿಕ್ಕೇ ಸಿಗುತ್ತೆ ಅಂತ ಇಟ್ಟುಕೊಂಡ್ರೂ, ಹೊಸ ರೆಪ್‌ನ ಸಂಬಳದಿಂದ ಇದನ್ನ ತೀರಿಸೋಕೆ ಎಷ್ಟು ತಿಂಗಳು ಬೇಕು ಅಂತ ಮನೆಯೋರು ಕೂತು ಲೆಕ್ಕ ಹಾಕಲೇಬೇಕು.

ಇನ್‌ಸ್ಟಿಟ್ಯೂಟ್‌ನೋರಿಗೆ ಐದು ಪ್ರಶ್ನೆ

ಒಂದು: ಪ್ಲೇಸ್‌ಮೆಂಟ್ ಅಂದ್ರೆ ಯಾರ ಕೈಯಿಂದ ಆಫರ್ ಲೆಟರ್? ಔಷಧಿ ಕಂಪನಿದಾ, ಮಧ್ಯದ ಏಜೆನ್ಸಿದಾ? ರೆಪ್‌ಗಳಿಗಾಗಿಯೇ 1976ರಲ್ಲಿ ಸೇವಾ ಷರತ್ತುಗಳ ಕಾಯ್ದೆ ಬಂದು, ನೇಮಕಾತಿ ಪತ್ರ ಕೊಡಲೇಬೇಕು ಅಂತ ಹೇಳಿತು. ಈಗ ಆ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯೊಳಗೆ ಸೇರಿದೆ, ಅಲ್ಲೂ ನೇಮಕಾತಿ ಪತ್ರ ಕಡ್ಡಾಯ. ‘ಮೊದಲು ಜಾಯಿನ್ ಆಗಿ, ಪತ್ರ ಆಮೇಲೆ’ ಅಂದ್ರೆ ಅನುಮಾನಪಡಿ.

ಎರಡು: ಕೊಡಿಸೋದು ಸಂಬಳದ ಕೆಲಸವಾ, ಪಿಸಿಡಿ ವ್ಯಾಪಾರವಾ? ಪಿಸಿಡಿ ಅಂದ್ರೆ ಸಣ್ಣ ಕಂಪನಿಯಿಂದ ನೀವೇ ದುಡ್ಡು ಹಾಕಿ ಮಾಲು ತಗೊಂಡು, ನಿಮ್ಮ ಏರಿಯಾದಲ್ಲಿ ನೀವೇ ಮಾರಿಕೊಳ್ಳೋದು. ಅದೂ ಒಂದು ದಂಧೆ, ಆದರೆ ನೌಕರಿ ಅಲ್ಲ. ಡೆಪಾಸಿಟ್ಟು ಅನ್ನೋ ಮಾತು ಬಂದ್ರೆ ಅಲ್ಲೇ ನಿಲ್ಲಿಸಿ ಕೇಳಿ.

ಮೂರು: ಕಲಿಸೋರು ಫೀಲ್ಡ್‌ನಲ್ಲಿ ಇದ್ದೋರಾ? ಇದಕ್ಕೊಂದು ಸುಲಭದ ಪರೀಕ್ಷೆ ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧಗಳ ಇಲಾಖೆ ಔಷಧಿ ಮಾರ್ಕೆಟಿಂಗ್‌ಗೆ ಏಕರೂಪದ ಸಂಹಿತೆ ತಂದಿದೆ. ಡಾಕ್ಟರ್‌ಗೂ ಅವರ ಮನೆಯೋರಿಗೂ ಸ್ವಂತ ಬಳಕೆಯ ಗಿಫ್ಟ್ ಕೊಡೋ ಹಾಗಿಲ್ಲ. ಭೇಟಿಗೆ ಅವಕಾಶ ಕೊಡಿ ಅಂತ ರೆಪ್ ದುಡ್ಡು ಕೊಡೋ ಹಾಗಿಲ್ಲ. ಒಂದು ಔಷಧಿಯ ಸ್ಯಾಂಪಲ್ ಪ್ಯಾಕ್ ಒಬ್ಬ ಡಾಕ್ಟರ್‌ಗೆ ವರ್ಷಕ್ಕೆ 12ಕ್ಕಿಂತ ಜಾಸ್ತಿ ಇಲ್ಲ, ಒಂದು ಪ್ಯಾಕ್‌ನಲ್ಲಿ ಮೂರು ಪೇಷಂಟ್‌ಗಾಗೋದಕ್ಕಿಂತ ಹೆಚ್ಚಿರಬಾರದು. ‘ಸರ್, ಸ್ಯಾಂಪಲ್ ಮಿತಿ ಎಷ್ಟು?’ ಅಂತ ಕೇಳಿ. ಗೊತ್ತಿಲ್ಲದಿದ್ರೆ, ಅಥವಾ ‘ಗಿಫ್ಟ್ ಕೊಟ್ರೆ ಎಲ್ಲಾ ಆಗುತ್ತೆ’ ಅಂತ ಕಣ್ಣು ಹೊಡೆದ್ರೆ, ಎದ್ದು ಬನ್ನಿ.

ನಾಲ್ಕು: ‘ಸರ್ಕಾರದ ಸರ್ಟಿಫಿಕೇಟ್’ ಅಂದ್ರೆ ಯಾವುದು? ಲೈಫ್ ಸೈನ್ಸಸ್ ಸೆಕ್ಟರ್ ಸ್ಕಿಲ್ ಡೆವಲಪ್‌ಮೆಂಟ್ ಕೌನ್ಸಿಲ್ ಅನ್ನೋ ಸಂಸ್ಥೆ ಮೆಡಿಕಲ್ ಸೇಲ್ಸ್ ರೆಪ್ರೆಸೆಂಟೇಟಿವ್ ಕೆಲಸಕ್ಕೆ ಒಂದು ಮಾನದಂಡ ಮಾಡಿಟ್ಟಿದೆ. 2015ರಲ್ಲಿ ಶುರುವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯ ತರಬೇತಿಗೆ ಅಭ್ಯರ್ಥಿ ಫೀಸ್ ಕಟ್ಟೋ ಹಾಗೇ ಇಲ್ಲ. ಆ ಯೋಜನೆಯ ಹೆಸರು ಹೇಳಿ ದುಡ್ಡು ಕೇಳಿದ್ರೆ ಏನೋ ಮಿಸ್ ಹೊಡೀತಿದೆ ಅಂತಲೇ ಅರ್ಥ.

ಐದು: ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೇಳ್ತಾರಾ? ಕೇಳಿದ್ರೆ ಕೊಡಬೇಡಿ. ಜೆರಾಕ್ಸ್ ಸಾಕು.

ಹದಿನೈದು ದಿನ ಊರಲ್ಲೇ ಕ್ಲಾಸು

ಇಂಟರ್‌ವ್ಯೂ ಮಾಡೋ ಏರಿಯಾ ಮ್ಯಾನೇಜರ್‌ಗೆ ಬೇಕಾಗಿರೋದು ಬೈಕ್, ಲೈಸೆನ್ಸ್, ಸುತ್ತಾಡೋ ಮನಸ್ಸು, ಏರಿಯಾ ಗೊತ್ತಿರೋದು. ಕೊನೆಯದರಲ್ಲಿ ನಮ್ಮ ಹುಡುಗರನ್ನ ಮೀರಿಸೋರಿಲ್ಲ. ಹೊಸಪೇಟೆ–ಹರಿಹರ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮುಟ್ಟುತ್ತೆ. ಕೂಡ್ಲಿಗಿ ಇರೋದು ಹೊಸಪೇಟೆ–ಚಿತ್ರದುರ್ಗ ಹೆದ್ದಾರಿ ಮೇಲೆ. ಹಡಗಲಿಗೆ ರೈಲೇ ಇಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಯಾವುದಾದ್ರೂ ಅಲ್ಲಿಯ ಜನ ದೊಡ್ಡ ಆಸ್ಪತ್ರೆಗೆ ದಾವಣಗೆರೆ ಬಸ್ಸೇ ಹತ್ತುತಾರೆ. ಅಂದ್ರೆ ದಾವಣಗೆರೆ ಡಾಕ್ಟರ್ ಬರೆದ ಚೀಟಿಯ ಔಷಧಿ ಹರಪನಹಳ್ಳಿ ಅಂಗಡಿಯಲ್ಲಿ ಬೇಕಾಗುತ್ತೆ. ಕೊಟ್ಟೂರು ತೇರಿನ ದಿನ, ಮೈಲಾರ ಜಾತ್ರೆಯ ಹೊತ್ತಲ್ಲಿ ಟೂರ್ ಪ್ಲಾನ್ ಹೇಗಿರಬೇಕು ಅನ್ನೋದೂ ನಮಗೆ ಗೊತ್ತು. ಇದನ್ನ ಬೇರೆ ಊರಿಂದ ಬಂದವರು ಕಲಿಯೋಕೆ ಒಂದು ವರ್ಷ ಬೇಕು.

ತಮ್ಮನಿಗೆ ಕೊಟ್ಟ ಹೋಮ್‌ವರ್ಕ್ ಇಷ್ಟು. ಐದೂ ಊರಿಗೆ ಹೋಗಿ ಯಾವ ಡಾಕ್ಟರ್, ಏನು ಸ್ಪೆಷಾಲಿಟಿ, ಓಪಿಡಿ ಹೊತ್ತು, ಪಕ್ಕದ ಅಂಗಡಿ ಯಾವುದು ಅಂತ ಒಂದು ಪಟ್ಟಿ. ಮಾವನ ಮೆಡಿಕಲ್ ಶಾಪಿನಲ್ಲಿ ಸಂಜೆ ಎರಡು ಗಂಟೆ ಕೂತು ಯಾವ ಮಾತ್ರೆ ಜಾಸ್ತಿ ಓಡುತ್ತೆ ಅಂತ ನೋಡೋದು, ಸ್ಟ್ರಿಪ್ ಮೇಲಿನ ಔಷಧಿಯ ಮೂಲ ಹೆಸರು, ಪ್ರಮಾಣ, ಬ್ಯಾಚ್, ಎಂಆರ್‌ಪಿ ಓದೋದು. ಔಷಧಿ ಕೊಡೋ ಕೆಲಸ ಫಾರ್ಮಾಸಿಸ್ಟ್‌ದು, ಅದಕ್ಕೆ ಕೈ ಹಾಕಬಾರದು. ಆಮೇಲೆ ದಿನಕ್ಕೊಂದು ಔಷಧಿ ಬಗ್ಗೆ ಎರಡು ನಿಮಿಷ ಮಾತಾಡಿ ಫೋನಲ್ಲಿ ರೆಕಾರ್ಡ್ ಮಾಡೋದು, ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್‌ನಲ್ಲಿ. ಉದಾಹರಣೆಗೆ ಮೆಟ್‌ಫಾರ್ಮಿನ್: ಟೈಪ್ 2 ಸಕ್ಕರೆ ಕಾಯಿಲೆಗೆ ಕೊಡ್ತಾರೆ, ಲಿವರ್ ರಕ್ತಕ್ಕೆ ಬಿಡೋ ಸಕ್ಕರೆ ತಗ್ಗಿಸುತ್ತೆ, ಊಟದ ಜೊತೆ ತಗೊಂಡ್ರೆ ಹೊಟ್ಟೆ ಕೆಡೋದು ಕಡಿಮೆ. ಕೊನೆಗೆ ನನ್ನ ಗೆಳೆಯನ ಜೊತೆ ಒಂದು ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಸುತ್ತಾಟ, ಕ್ಲಿನಿಕ್ ಹೊರಗಿನ ಬೆಂಚಿನವರೆಗೆ.

ಸುತ್ತಾಡಿ ಬಂದ ರಾತ್ರಿ ಫೋನ್ ಮಾಡಿದ. ‘ಅಣ್ಣಾ, ಒಂದೇ ಡಾಕ್ಟ್ರಿಗೆ ಒಂದೂವರೆ ತಾಸು ಕಾದ್ವಿ. ಒಳಗ ಕರದು ಒಂದ್ ನಿಮಿಷಕ್ಕ ಕಳಿಸಿದ್ರಂತೆ.’ ‘ಬ್ಯಾಸರ ಆತಾ?’ ಅಂದೆ. ‘ಕಾಯೋದು ಬ್ಯಾಸರ ಆತು. ಆದ್ರ ಅಂಗಡಿಯೋರ ಜೊತಿ ಮಾತಾಡೋದು ಮಜಾ ಐತಿ’ ಅಂದ. ಈ ಕೆಲಸ ತನಗೆ ಒಗ್ಗುತ್ತಾ ಅನ್ನೋದರ ಅರ್ಧ ಉತ್ತರ ಅವನಿಗೆ ಒಂದು ದಿನದ ಪೆಟ್ರೋಲ್ ಖರ್ಚಲ್ಲಿ ಸಿಕ್ತು. ಆಮೇಲೆ ಒಂದು ಇಂಟರ್‌ವ್ಯೂಗೆ ಹೋದ. ಅವನ ಡಾಕ್ಟರ್ ಪಟ್ಟಿಯನ್ನ ಮ್ಯಾನೇಜರ್ ತಿರುಗಿಸಿ ತಿರುಗಿಸಿ ನೋಡಿದ್ರಂತೆ, ಆದರೆ ಇಂಗ್ಲಿಷ್‌ನಲ್ಲಿ ತಡವರಿಸಿದ್ದಕ್ಕೆ ಆಯ್ಕೆ ಆಗಲಿಲ್ಲ. ಈಗ ದಿನಾ ಓಡಾಡಿಕೊಂಡು ತಿಂಗಳ ಫೀಸಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗ್ತಿದ್ದಾನೆ. ಕೆಲಸ ಇನ್ನೂ ಸಿಕ್ಕಿಲ್ಲ. ಸಾಲವೂ ಆಗಿಲ್ಲ.

ಹಾಗಾದ್ರೆ ದುಡ್ಡು ಕೊಟ್ಟು ಟ್ರೇನಿಂಗ್ ಸೇರಲೇಬಾರದಾ? ಸೇರಬಹುದಾದ ಸಂದರ್ಭವೂ ಇದೆ. ಎರಡು-ಮೂರು ಇಂಟರ್‌ವ್ಯೂ ಆಗಿ, ಎಲ್ಲಿ ಎಡವುತ್ತಿದ್ದೀರಿ ಅಂತ ಗೊತ್ತಾಗಿರಬೇಕು. ಆ ಕೊರತೆಯನ್ನೇ ತುಂಬೋ ಕೋರ್ಸ್ ಅದಾಗಿರಬೇಕು. ಕಲಿಸೋರು ಫೀಲ್ಡ್ ಕಂಡವರಾಗಿರಬೇಕು, ಅಲ್ಲಿ ಓದಿ ಕೆಲಸ ಹಿಡಿದ ಇಬ್ಬರ ಜೊತೆ ನೀವೇ ಮಾತಾಡಿರಬೇಕು. ಫೀಸು ತಿಂಗಳು ತಿಂಗಳು ಕಟ್ಟೋ ಹಾಗಿದ್ದು, ಹೊಸ ರೆಪ್‌ನ ಒಂದು ತಿಂಗಳ ಸಂಬಳ ದಾಟಬಾರದು. ಕಲೆ, ವಾಣಿಜ್ಯ ಓದಿ ದೇಹರಚನೆ ಅಂದ್ರೆ ಹೆದರೋರಿಗೆ ಇಂಥದ್ದೊಂದು ಸಣ್ಣ ಕೋರ್ಸ್ ಧೈರ್ಯ ಕೊಡಬಹುದು.

ನಿಮ್ಮ ಮನೆಯಲ್ಲಿ ಯಾರಾದ್ರೂ ಇಂಥ ಪಾಂಪ್ಲೆಟ್ ಹಿಡಿದು ಕೂತಿದ್ರೆ ಬೈಬೇಡಿ, ನಗಬೇಡಿ. ಅವರ ಜೊತೆ ಕೂತು ಆ ಹಾಳೆಗೆ ಗೆರೆ ಎಳೀರಿ. ಬಡ್ಡಿ ಕಟ್ಟೋದು ಅಪ್ಪ ಆಗಿದ್ರೆ ಅವರನ್ನೂ ಕೂರಿಸಿಕೊಳ್ಳಿ. ನೀವೇ ರೆಪ್ ಆಗಿದ್ರೆ, ವಾರಕ್ಕೊಂದು ದಿನ ಊರಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರ್ಕೊಂಡು ಸುತ್ತಾಡಿಸಿ. ಹೇಗಿದ್ರೂ ನೀವು ಆ ದಾರಿಯಲ್ಲೇ ಹೋಗೋರು.