ಲೆಕ್ಕಕ್ಕೆ ಸಿಗದ ಅಜ್ಜ-ಅಜ್ಜಿಯರು



ಸಿಡ್ನಿಯ ವಾಯವ್ಯ ಭಾಗದಲ್ಲಿ, ಬ್ಲ್ಯಾಕ್‌ಟೌನ್ ನಗರಸಭೆಗೆ ಸೇರಿದ ದಿ ಪಾಂಡ್ಸ್ ಬಡಾವಣೆಯನ್ನು ನಮ್ಮವರಲ್ಲಿ ಅರಿಯದವರು ಯಾರು? ನಮ್ಮ ಎಷ್ಟೋ ಕುಟುಂಬಗಳು ಅಲ್ಲಿಯೇ ನೆಲೆಸಿವೆ. ಉಳಿದವರು ಗೃಹಪ್ರವೇಶದ ಊಟಕ್ಕಾದರೂ ಹೋಗಿ ಬಂದಿದ್ದೇವೆ. 2021ರ ಜನಗಣತಿಯಂತೆ ಅಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಒಂದು ಮನೆಗೆ ಸರಾಸರಿ 2.5 ಜನರಾದರೆ, ಅಲ್ಲಿ ಅದಕ್ಕಿಂತ ಒಂದು ತಲೆ ಹೆಚ್ಚು. 2021ರಲ್ಲಿ ದೇಶದ ನಡುಮಟ್ಟದ ಮನೆಯ ವರಮಾನ ವಾರಕ್ಕೆ 1,746 ಡಾಲರಿತ್ತು. ಅಲ್ಲಿಯದು ಅದಕ್ಕಿಂತ ಬಹಳ ಮೇಲೆ. ದುಡಿಯುವ ಗಂಡ-ಹೆಂಡತಿ, ಶಾಲೆಗೆ ಹೋಗುವ ಮಕ್ಕಳು, ನಾಲ್ಕು ಮಲಗುವ ಕೋಣೆ, ಎರಡು ಕಾರು. ಮುದುಕರು ಮಾತ್ರ ಕಡಮೆ. ಮೆಲ್ಬರ್ನಿನ ಪಾಯಿಂಟ್ ಕುಕ್ ಕಡೆಯ ನಮ್ಮ ಬಂಧುಗಳೂ ಇದನ್ನು ಓದಿ "ಇದು ನಮ್ಮ ಬೀದಿಯೇ" ಎಂದಾರು.

ಆದರೆ ಈ ಲೆಕ್ಕ ಅರ್ಧ ಲೆಕ್ಕ ಎಂಬುದು ನಮ್ಮ ವಾದ. ಈ ದೇಶದಲ್ಲಿ ಒಂದು ವರ್ಷಕ್ಕಿಂತ ಕಡಮೆ ಇರಲು ಬಂದವರು ಗಣತಿಯ ಕಣ್ಣಿಗೆ ಪ್ರವಾಸಿಗಳು. ಬಡಾವಣೆಯ ನಿವಾಸಿಗಳ ಪಟ್ಟಿಯಲ್ಲಿ ಅವರಿಲ್ಲ. ವಿಸಿಟರ್ ವೀಸಾದಲ್ಲಿ ಬಂದು, ಆರು ತಿಂಗಳು ಮೊಮ್ಮಗುವನ್ನು ಎತ್ತಿ ಆಡಿಸಿ, ಸಾರು-ಪಲ್ಯ ಮಾಡಿಟ್ಟು ಹೋಗುವ ನಮ್ಮ ಅಪ್ಪ-ಅಮ್ಮ, ಅತ್ತೆ-ಮಾವ ಹಾಗಾಗಿ ಯಾವ ಅಂಕಿಯಲ್ಲೂ ಇಲ್ಲ. ಶಿಶುವಿಹಾರಕ್ಕೆ ಸರ್ಕಾರದ ಸಹಾಯಧನ ಕಳೆಯುವ ಮುನ್ನ ದಿನಕ್ಕೆ ನೂರು ಡಾಲರಿಗೂ ಮೀರುವ ಈ ಊರಿನಲ್ಲಿ, ಆ ಎರಡನೆಯ ಸಂಬಳ ಮನೆಗೆ ಬರುವುದು ಎಷ್ಟೋ ಕಡೆ ಅಜ್ಜಿಯ ತೋಳಿನ ಬಲದಿಂದ. ಬಾಣಂತನಕ್ಕೆಂದು ಬಂದ ಅಮ್ಮ ಹಿಂದಿರುಗುವ ವಾರವೇ ಅತ್ತೆಯವರ ಟಿಕೆಟ್ಟು. ಬೀಗಿತ್ತಿಯರು ಏರ್‌ಪೋರ್ಟಿನಲ್ಲೇ ಚಾರ್ಜು ಹಸ್ತಾಂತರಿಸಿಕೊಳ್ಳುವ ಕಾಲ ಇದು!

ಕೋವಿಡ್ಡಿನ ದಿನಗಳನ್ನು ಮರೆಯಬೇಡಿ. 2020ರ ಮಾರ್ಚಿಯಲ್ಲಿ ಗಡಿ ಮುಚ್ಚಿದ ಸರ್ಕಾರ, ನಮ್ಮ ಹೆತ್ತವರು "ಹತ್ತಿರದ ಕುಟುಂಬ"ವಲ್ಲ ಎಂದಿತು. 2021ರ ನವೆಂಬರಿನಲ್ಲಿ ಆ ನಿಯಮ ಬದಲಾಯಿತು. ಅಲ್ಲಿಯವರೆಗೆ ನಾವೆಲ್ಲ ಎಷ್ಟು ಕೂಗಿದೆವು! ಅಪ್ಪ-ಅಮ್ಮ ಕುಟುಂಬವಲ್ಲದೆ ಮತ್ತೇನು ಎಂದು ಕೇಳಿದೆವು. ನ್ಯಾಯವಾದ ಪ್ರಶ್ನೆ. ಈಗ ಅದೇ ಪ್ರಶ್ನೆಯನ್ನು ನಮ್ಮ ಮನೆಗಳ ಒಳಗೂ ಕೇಳಬೇಕಾಗಿದೆ.

ಎಂ.ಬಿ.ಬಿ.ಎಸ್. ಊರಿನಲ್ಲಿ ಓದಿ, ಹೊರದೇಶದಲ್ಲಿ ರೆಸಿಡೆನ್ಸಿ ಮುಗಿಸಿ, ಇಷ್ಟು ವರ್ಷ ರೋಗಿಗಳನ್ನು ನೋಡುತ್ತ ಬಂದ ನಾವು ಒಂದು ಮಾತು ಹೇಳಬಲ್ಲೆವು. ಈ ಹಿರಿಯರು ನಿದ್ರೆ ಬಾರದು, ಹಸಿವಿಲ್ಲ, ಮಂಡಿ ನೋವು ಎಂದು ಹೇಳಿಕೊಳ್ಳುವಾಗ ಅದರ ಹಿಂದೆ ಹಲವು ಬಾರಿ ಇರುವುದು ಒಂಟಿತನ. ಹಾಸನದಲ್ಲೋ ಮೈಸೂರಿನಲ್ಲೋ ಬೆಳಿಗ್ಗೆ ಹಾಲಿನವನಿಂದ ಸಂಜೆಯ ದೇವಸ್ಥಾನದವರೆಗೆ ಹತ್ತು ಜನರೊಡನೆ ಮಾತಾಡಿದ ಜೀವಕ್ಕೆ, ಇಲ್ಲಿ ಬಾಗಿಲು ಮುಚ್ಚಿದ ಮನೆ, ಜನರಿಲ್ಲದ ಬೀದಿ. ಟಾಲವಾಂಗ್‌ನಲ್ಲಿ 2019ರಿಂದ ಮೆಟ್ರೋ ಓಡುತ್ತಿದೆ, ನಿಜ. ಅಲ್ಲಿಯವರೆಗೆ ಹೋಗುವ ಬಸ್ಸು ಯಾವುದು, ಓಪಲ್ ಕಾರ್ಡು ಹೇಗೆ ಮುಟ್ಟಿಸಬೇಕು ಎಂದು ಯಾರೂ ಹೇಳಿಕೊಡದಿದ್ದರೆ ಆ ಮೆಟ್ರೋ ಇದ್ದೂ ಇಲ್ಲದಂತೆ.

ದೇಹದ ವಿಷಯ ಇನ್ನೂ ಗಂಭೀರ. ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಆರೋಗ್ಯ ಒಪ್ಪಂದವಿಲ್ಲ. ಪ್ರವಾಸಿ ಹೆತ್ತವರಿಗೆ ಮೆಡಿಕೇರ್ ಇಲ್ಲ. ಆಂಬುಲೆನ್ಸೂ ಪುಕ್ಕಟೆಯಲ್ಲ. ಅಗ್ಗದ ವಿಮೆ ಮಾಡಿಸಿ ನಿಶ್ಚಿಂತರಾಗುವವರು ಅದರ ಸಣ್ಣ ಅಕ್ಷರ ಓದಬೇಕು: ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳಿಗೆ ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಯುವಿಕೆ ಇರುತ್ತದೆ. ಆರು ತಿಂಗಳಿಗೆ ಬಂದವರಿಗೆ ಅದರಿಂದೇನು ಪ್ರಯೋಜನ? ಊರಿನಿಂದ ಮೂರು ತಿಂಗಳ ಮಾತ್ರೆಯನ್ನಷ್ಟೇ ತರಬಹುದು. ನಾಲ್ಕನೆಯ ತಿಂಗಳು, ಮಗನಿಗೆ ಖರ್ಚಾದೀತೆಂದು ಒಂದು ಮಾತ್ರೆಯನ್ನು ಎರಡು ತುಂಡು ಮಾಡಿ ನುಂಗುವ ತಾಯಂದಿರುಂಟು. ಇನ್ನು ಬೇಸಿಗೆ. 2020ರ ಜನವರಿ 4ರಂದು ಪೆನ್ರಿತ್‌ನಲ್ಲಿ 48.9 ಡಿಗ್ರಿ ಬಿಸಿಲು ದಾಖಲಾಯಿತು. ಕಪ್ಪು ಹಂಚು, ಎಳೆಯ ಮರಗಳ ಪಶ್ಚಿಮದ ಬಡಾವಣೆಗಳಲ್ಲಿ, ಕರೆಂಟ್ ಬಿಲ್ಲಿಗೆ ಹೆದರಿ ಏ.ಸಿ. ಹಾಕದೆ ಕೂರುವುದು ವಯಸ್ಸಾದವರ ಪ್ರಾಣಕ್ಕೇ ಅಪಾಯ.

"ಅವರೇ ಸಂತೋಷದಿಂದ ಬರುತ್ತಾರೆ, ಮೊಮ್ಮಕ್ಕಳ ಸುಖಕ್ಕಿಂತ ಬೇರೇನು ಬೇಕು?" ಎಂಬ ಉತ್ತರ ನಮಗೆ ಗೊತ್ತಿದೆ. ಸಂತೋಷದಿಂದ ಬರುತ್ತಾರೆ, ಒಪ್ಪಿದೆವು. ಆದರೆ ಎಪ್ಪತ್ತು ದಾಟಿದವರಿಗೆ ಹತ್ತು ಗಂಟೆ ಹೊತ್ತು ಕೂಸನ್ನು ನೋಡಿಕೊಳ್ಳುವುದು ಸುಖವಷ್ಟೇ ಅಲ್ಲ, ದುಡಿಮೆಯೂ ಹೌದು. ದುಡಿದವರಿಗೆ ರಜೆ ಬೇಕು.

ಸರ್ಕಾರದ ತಪ್ಪೂ ದೊಡ್ಡದಿದೆ. ಹಣ ಕಟ್ಟುವ ಪೇರೆಂಟ್ ವೀಸಾಕ್ಕೆ ತಲೆಗೆ ನಲವತ್ತು ಸಾವಿರ ಡಾಲರಿಗೂ ಮೀರಿ ಬೇಕು, ಮೇಲೆ ವರ್ಷಗಟ್ಟಲೆ ಕಾಯಬೇಕು. ಹಣ ಕಟ್ಟದ ಸಾಲಿನಲ್ಲಿ ನಿಂತರೆ ಮೂವತ್ತು ವರ್ಷ! 2019ರಲ್ಲಿ ಬಂದ ತಾತ್ಕಾಲಿಕ ಪೇರೆಂಟ್ ವೀಸಾದಲ್ಲಿ ಒಮ್ಮೆಗೆ ಮೂರು ಅಥವಾ ಐದು ವರ್ಷ ಇರಬಹುದು, ಆದರೆ ಮೆಡಿಕೇರ್ ಇಲ್ಲ. ಇದರ ವಿರುದ್ಧ ನಮ್ಮ ಸಂಸದರಿಗೆ ಬರೆಯಲೇಬೇಕು. ಆದರೆ ಅಮ್ಮನನ್ನು ಭಾನುವಾರ ಹೊರಗೆ ಕರೆದೊಯ್ಯಬೇಡಿ ಎಂದು ಯಾವ ವೀಸಾದಲ್ಲೂ ಬರೆದಿಲ್ಲವಲ್ಲ!

ಆದ್ದರಿಂದ ಪ್ರತಿ ಮನೆಗೆ ನಮ್ಮ ಕೋರಿಕೆ ಇಷ್ಟು. ವಿಮಾನ ಹತ್ತುವ ಮೊದಲೇ ವಿಮೆಯ ಷರತ್ತು ಓದಿ. ಮಾತ್ರೆಗಳ ಪಟ್ಟಿ ಬರೆದಿಡಿ. ಮುಗಿಯುವ ಮುನ್ನ ವೈದ್ಯರಿಗೆ ತೋರಿಸಿ, ಆ ಖರ್ಚನ್ನು ಮನೆಯ ಬಜೆಟ್ಟಿಗೆ ಸೇರಿಸಿ. ಮನೆಯ ವಿಳಾಸ ಮತ್ತು 000 ಸಂಖ್ಯೆಯನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ವೈದ್ಯರ ಬಳಿ ಮಗನೇ ಎಲ್ಲ ಹೇಳಿಬಿಡುವ ಬದಲು ಕನ್ನಡದ ದುಭಾಷಿಗಾಗಿ 131 450ಗೆ ಕೇಳಿ. ಸೊಸೆಯೆದುರು ಬಾರದ ಮಾತು ಆಗ ಬಂದೀತು. ವಾರಕ್ಕೆ ಎರಡು ದಿನವಾದರೂ ಅವರಿಗೆ ಮಗುವಿನ ಹೊಣೆ ಬೇಡ.

ನಮ್ಮ ಸಂಘಕ್ಕೂ ಒಂದು ಮಾತು. ಯುಗಾದಿಗೆ, ರಾಜ್ಯೋತ್ಸವಕ್ಕೆ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದರೆ ಸಾಲದು. ವಾರದ ನಡುವೆ ಒಂದು ಬೆಳಿಗ್ಗೆ, ದಿ ಪಾಂಡ್ಸ್ ಕಡೆಯೇ ಒಂದು ಹಾಲ್ ಹಿಡಿದು, ಕಾಫಿ, ಕನ್ನಡ ಪತ್ರಿಕೆ, ಚೌಕಾಬಾರ ಇಟ್ಟು ಬಾಗಿಲು ತೆರೆಯಲಿ. ಕಾರಿನಲ್ಲಿ ಕರೆತರಲು ಸದಸ್ಯರು ಪಾಳಿಯ ಮೇಲೆ ಬರಲಿ. ಕಲಾವಿದರನ್ನು ಊರಿನಿಂದ ಕರೆಸಲು ಹಣ ಹೊಂದಿಸುವ ನಮಗೆ ಇದು ಹೊರೆಯಾಗದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಬೇಕೆಂದು ಕಾರ್ಯಕಾರಿ ಸಮಿತಿಯನ್ನು ಆಗ್ರಹಪೂರ್ವಕವಾಗಿ ಕೋರುತ್ತೇವೆ. ಆ ಸಭೆಗೆ ನಿಮ್ಮ ಮನೆಯ ಹಿರಿಯರನ್ನೂ ಕರೆತನ್ನಿ. ಅವರ ಮಾತನ್ನು ಅವರ ಬಾಯಿಂದಲೇ ಕೇಳೋಣ.