ಬಣ್ಣ ಆಮೇಲೆ, ಬ್ರೇಕು ಮೊದಲು

ಕಳೆದ ತಿಂಗಳು ನಮ್ಮ ಸಂಘದ ಸದಸ್ಯರೊಬ್ಬರು ಕಚೇರಿಗೆ ಬಂದು ಅಪರೂಪದ ಅರ್ಜಿಯೊಂದನ್ನು ಮುಂದಿಟ್ಟರು. ಗೊಬ್ಬರಕ್ಕಲ್ಲ, ಪಂಪ್‌ಸೆಟ್ಟಿಗಲ್ಲ, ಮಗಳ ಮದುವೆಗೂ ಅಲ್ಲ. ಅವರ ಮನೆಯ ಗಾಡಿಕೊಟ್ಟಿಗೆಯಲ್ಲಿ ಮೂವತ್ತು ವರ್ಷಗಳಿಂದ ತಂದೆಯ ಕಾಲದ ಯೆಜ್ಡಿ ಮೋಟಾರ್ ಸೈಕಲ್ಲೊಂದು ನಿಂತಿದೆಯಂತೆ. ಅದನ್ನು ಹೊಸದರಂತೆ ಮಾಡಿಕೊಡಲು ಬೆಂಗಳೂರಿನಲ್ಲಿ ಯಾರೋ ಒಂದೂವರೆ ಲಕ್ಷ ಕೇಳಿದ್ದಾರೆ. ಸಂಘದಲ್ಲಿಟ್ಟ ಅಡಿಕೆಯ ಮೇಲೆ ಮುಂಗಡ ಸಿಕ್ಕೀತೇ ಎಂಬುದು ಅವರ ಪ್ರಶ್ನೆ.

ನಿಯಮದಂತೆ ಕೊಡಬಹುದು. ಅಡಿಕೆ ಅವರದು, ಹಣ ಏಕೆಂದು ಕೇಳುವ ಅಧಿಕಾರ ನಮಗಿಲ್ಲ. ಆದರೂ ಕೂರಿಸಿ, ಕಾಫಿ ತರಿಸಿ, ಒಂದು ಗಂಟೆ ಮಾತಾಡಿ, ಅರ್ಜಿಯನ್ನು ಮಡಿಸಿ ಅವರ ಜೇಬಿಗೇ ಹಾಕಿ ಕಳುಹಿಸಿದೆವು. ಕಾರ್ಯದರ್ಶಿಯಾದವನು ಹೀಗೆ ಮಾಡುವುದು ಸರಿಯೇ ಎಂದು ಆಡಳಿತ ಮಂಡಳಿಯಲ್ಲಿ ಯಾರಾದರೂ ಕೇಳಿದರೆ ಉತ್ತರ ಕೊಡಲು ಸಿದ್ಧರಿದ್ದೇವೆ. ಅಂದು ಆಡಿದ ಮಾತು ಇತರ ಬೆಳೆಗಾರ ಬಂಧುಗಳಿಗೂ ಬೇಕಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ. ಏಕೆಂದರೆ ಇಂಥದೊಂದು ಗಾಡಿ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಗೋಣಿಚೀಲ ಹೊದ್ದು ನಿಂತಿದೆ.

ಅದಕ್ಕೆ ಕಾರಣವೂ ಇದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಮೊದಲು ಜಾವಾ, 1973ರಿಂದ ಯೆಜ್ಡಿ. ಜಾವಾ ಎಂದರೆ ಕಾಫಿ ಬೆಳೆಯುವ ಆ ದ್ವೀಪವೇ ಇರಬೇಕೆಂದು ನಮ್ಮ ಹಿರಿಯರಲ್ಲಿ ಹಲವರು ನಂಬಿದ್ದರು. ಅದು ಹಾಗಲ್ಲ. 1929ರಲ್ಲಿ ಚೆಕೊಸ್ಲೊವಾಕಿಯದಲ್ಲಿ ಈ ಗಾಡಿಯನ್ನು ಆರಂಭಿಸಿದ ಜಾನೆಚೆಕ್ ಎಂಬಾತನ ಹೆಸರು ಮತ್ತು ವಾಂಡರರ್ ಎಂಬ ಜರ್ಮನ್ ಕಂಪನಿಯ ಹೆಸರು, ಈ ಎರಡರ ಮೊದಲಕ್ಷರಗಳು ಸೇರಿ ಜಾವಾ ಆಯಿತು. ಬುಲೆಟ್ಟಿನ ಮುಂದೆ ಇದು ಸಣ್ಣ ಗಾಡಿಯೇ. 250 ಸಿ.ಸಿ., ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ಕರಿಗೂ ಗೇರಿಗೂ ಒಂದೇ ಕಡ್ಡಿ. ಎರಡು ಮೂಟೆ ಹೇರಿದರೂ ಕೆಸರಿನ ಏರು ಹತ್ತುತ್ತಿತ್ತು. ಟೂ-ಸ್ಟ್ರೋಕ್ ಎಂಜಿನ್ ಆದ್ದರಿಂದ ವಾಲ್ವು, ಕ್ಯಾಮು ಎಂಬ ರಗಳೆಯಿಲ್ಲ. ಮೆಕ್ಯಾನಿಕ್ಕಿನ ಮುಖ ಕಾಣದೆ ವರ್ಷಗಟ್ಟಲೆ ಓಡಿಸಿದವರನ್ನು ನಾವು ಬಲ್ಲೆವು.

2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಈ ಗಾಡಿಗಳಿಗೂ ಗ್ರಹಚಾರ ಶುರುವಾಯಿತು. ಒಂದು ಕಡೆ ಪಟ್ಟಣದಿಂದ ಬಂದವರು ಗುಜರಿ ಬೆಲೆಗೆ ಕೊಂಡೊಯ್ದು, ಉಜ್ಜಿ ಹೊಳಪು ಕೊಟ್ಟು, ಹತ್ತು ಪಟ್ಟಿಗೆ ಮಾರುತ್ತಾರೆ. ಇನ್ನೊಂದು ಕಡೆ ನಮ್ಮ ಹುಡುಗರೇ ಲಕ್ಷಗಟ್ಟಲೆ ಸುರಿದು, ಕನ್ನಡಿಯಂತೆ ಮಾಡಿಸಿ, ಮಳೆ ಬಂದರೆ ಹೊರಗೆ ತೆಗೆಯದೆ ಒಳಗಿಡುತ್ತಾರೆ. ಮಲೆನಾಡಿನಲ್ಲಿ ಮಳೆಗೆ ತೆಗೆಯದ ಗಾಡಿ ಯಾತಕ್ಕೆ ಎಂಬುದು ನಮಗೆ ತಿಳಿಯದು. ನಮ್ಮ ಅಭಿಪ್ರಾಯ ಇಷ್ಟೇ: ಗಾಡಿಯನ್ನು ಮಾರಬೇಡಿ, ಸಾಲವನ್ನೂ ಮಾಡಬೇಡಿ. ಮನೆಯಲ್ಲೇ, ನಿಮ್ಮ ಕೈಯಿಂದಲೇ, ಒಂದೆರಡು ಮಳೆಗಾಲದ ಬಿಡುವಿನಲ್ಲಿ, ಓಡುವಂತೆ ಮತ್ತು ನಿಲ್ಲುವಂತೆ ಮಾಡಿಕೊಳ್ಳಿ. ಬಣ್ಣ, ಕ್ರೋಮಿನ ಮಾತು ಕಟ್ಟಕಡೆಗೆ. ಇಲ್ಲದಿದ್ದರೂ ಆದೀತು.

ಇದನ್ನು ನಾವು ಬುದ್ಧಿವಂತಿಕೆಯಿಂದ ಹೇಳುತ್ತಿಲ್ಲ, ಬುದ್ಧಿಗೇಡಿತನದಿಂದ ಕಲಿತು ಹೇಳುತ್ತಿದ್ದೇವೆ. ನಮ್ಮ ಮನೆಯಲ್ಲಿರುವುದು 1968ರ ಜಾವಾ. 2020ರ ಮಳೆಗಾಲದಲ್ಲಿ ಅದನ್ನು ಬಿಚ್ಚಿದೆವು. ಎಲ್ಲರಂತೆ ನಮಗೂ ಮೊದಲು ಕಣ್ಣಿಗೆ ಬಿದ್ದದ್ದು ತುಕ್ಕು. ಟ್ಯಾಂಕನ್ನು ಪಟ್ಟಣಕ್ಕೆ ಒಯ್ದು ಆ ಹಳೆಯ ಕೆಂಗಂದು ಬಣ್ಣವನ್ನೇ ಹುಡುಕಿಸಿ ಹೊಡೆಸಿದೆವು. ಮನೆಗೆ ತಂದು ಪೆಟ್ರೋಲು ತುಂಬಿದರೆ ತಳದಲ್ಲಿ ಸೂಜಿಮೊನೆಯಷ್ಟು ತೂತು. ಬೆಳಗಾಗುವಷ್ಟರಲ್ಲಿ ಹೊಸ ಬಣ್ಣ ಹಾವಿನ ಪೊರೆಯಂತೆ ಸುಲಿದು ಬಂದಿತ್ತು. ಮತ್ತೆ ಬೆಸುಗೆ, ಮತ್ತೆ ಬಣ್ಣ. ಅದು ಹಣದ ನಷ್ಟ, ಹೋಗಲಿ.

ಎರಡನೆಯದು ಹೋಗಲಿ ಎನ್ನುವಂಥದಲ್ಲ. ಎಂಜಿನ್ ಚೆನ್ನಾಗಿ ಎದ್ದಿತು, ಗಾಡಿ ಮಿರಮಿರನೆ ಮಿಂಚುತ್ತಿತ್ತು, ಬ್ರೇಕು ಹಿಡಿದರೆ ನಿಲ್ಲುತ್ತಿತ್ತು. ನಿಲ್ಲುತ್ತದಲ್ಲ ಎಂದು ಬ್ರೇಕ್ ಡ್ರಮ್ಮು ಬಿಚ್ಚಿ ನೋಡುವ ಗೋಜಿಗೇ ನಾವು ಹೋಗಲಿಲ್ಲ. 2021ರ ಡಿಸೆಂಬರಿನಲ್ಲಿ ನಮ್ಮ ತಮ್ಮನ ಮಗ ಅದನ್ನೇರಿ ಊರಿನ ಇಳಿಜಾರಿನಲ್ಲಿ ಹೊರಟ. ಇಪ್ಪತ್ತೈದು ವರ್ಷ ಥಂಡಿಯಲ್ಲಿ ನಿಂತಿದ್ದ ಬ್ರೇಕ್ ಶೂವಿನ ಲೈನಿಂಗು ಶೂವಿನಿಂದ ಎದ್ದು ಬಂದು ಡ್ರಮ್ಮಿನೊಳಗೆ ಸಿಕ್ಕಿಕೊಂಡಿತು. ಹಿಂದಿನ ಚಕ್ರ ಒಮ್ಮೆಲೇ ಬಿಗಿಯಿತು. ತಿರುವಿನಲ್ಲಿ ಜಾರಿ, ಬೇಲಿ ಮುರಿದು, ಕಾಫಿ ಗಿಡಗಳ ಮೇಲೆ ಬಿದ್ದ. ಗಿಡಗಳಿದ್ದವು, ಕೆಳಗಿನ ದರೆಗೆ ಹೋಗಲಿಲ್ಲ. ಹೆಗಲಿನ ಎಲುಬು ಮುರಿಯಿತು. ಅವನ ತಾಯಿ ನಮ್ಮನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಮೇಲೆ ಲೆಕ್ಕದ ಪುಸ್ತಕ ತೆಗೆದು ನೋಡಿದೆವು. ಲೆಕ್ಕ ಬರೆಯುವುದು ನಮ್ಮ ವೃತ್ತಿಯ ಚಟ. ಒಟ್ಟು ಖರ್ಚು ಕೊನೆಗೆ 39,400 ರೂಪಾಯಿ ಆಯಿತು. ಅದರಲ್ಲಿ ಬಣ್ಣ ಮತ್ತು ಕ್ರೋಮಿಗೆ 17,000. ಎಂಜಿನ್ನು, ಟೈರು, ವೈರು, ಕೇಬಲ್ಲು ಸೇರಿ 21,700. ಬ್ರೇಕಿಗೆ ಹೊಸ ಲೈನಿಂಗು ಹಾಕಿಸಿದ್ದಕ್ಕೆ, ಅದೂ ಅವನು ಬಿದ್ದ ಮೇಲೆ, 700.

ಆದ್ದರಿಂದ ಯಾರು ಕೇಳಿದರೂ ನಾವು ಹೇಳುವ ಮೊದಲ ಮಾತು, ಎರಡೂ ಚಕ್ರ ಬಿಚ್ಚಿ. ಶೂ, ಸ್ಪ್ರಿಂಗು, ಕೇಬಲ್ಲು, ಚಕ್ರದ ಬೇರಿಂಗು ನೋಡಿ. ಟೈರು ನೋಡಲು ದಪ್ಪಗಿದ್ದರೂ ಪಕ್ಕದಲ್ಲಿ ಬಿರುಕಿದ್ದರೆ ಎಸೆಯಿರಿ. ಇದಿಷ್ಟು ಆದ ಮೇಲೆ ಎಂಜಿನ್ನಿಗೆ ಕೈ ಹಾಕಿ.

ಎಂಜಿನ್ ಬಿಗಿದುಕೊಂಡಿದ್ದರೆ ಕಿಕ್ಕರಿನ ಮೇಲೆ ಹತ್ತಿ ಕುಣಿಯಬೇಡಿ. ಪ್ಲಗ್ಗು ತೆಗೆದು ಅದರ ತೂತಿನಿಂದ ಡೀಸೆಲ್ ಹೊಯ್ದು ಒಂದು ವಾರ ಬಿಡಿ. ಹಿಂದೆ ಇದಕ್ಕೆ ಸೀಮೆಎಣ್ಣೆ ಬಳಸುತ್ತಿದ್ದೆವು, ಈಗ ಅದು ಕೈಗೆ ಸಿಗುವುದೇ ಕಷ್ಟ. ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಬೋಲ್ಟು, ವಾಷರುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ನಾವು ಅಡಿಕೆ ಹಾಳೆಯ ದೊನ್ನೆಗಳಿಗೆ ನಂಬರು ಬರೆದು, ಯಾವ ಭಾಗದ್ದು ಯಾವುದರಲ್ಲಿ ಎಂದು ಪುಸ್ತಕದಲ್ಲಿ ಗುರುತಿಟ್ಟೆವು. ದೊನ್ನೆಗೆ ಖರ್ಚಿಲ್ಲ, ಎಣ್ಣೆಗೂ ಅದು ಹೆದರುವುದಿಲ್ಲ. ಅಲ್ಯೂಮಿನಿಯಂ ಕವಚಕ್ಕೆ ಕಚ್ಚಿಕೊಂಡ ಸ್ಕ್ರೂಗಳ ತಲೆ ಸಾಮಾನ್ಯ ಸ್ಕ್ರೂಡ್ರೈವರಿಗೆ ಸವೆದು ಹೋಗುತ್ತದೆ. ಸುತ್ತಿಗೆಯಿಂದ ಬಡಿದರೆ ತಾನೇ ತಿರುಗುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ.

ಟೂ-ಸ್ಟ್ರೋಕ್ ಎಂಜಿನ್ನಿನ ಗುಟ್ಟೆಲ್ಲ ಇರುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳಲ್ಲಿ. ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬಂದು ಆಮೇಲೆ ಮೇಲೇರಬೇಕು. ಆದ್ದರಿಂದ ಆ ಕೋಣೆಯಲ್ಲಿ ಎಲ್ಲಿಯೂ ಸಂದು ಇರಕೂಡದು. ಬಲಗಡೆ, ಡೈನಮೋ ಬದಿಯ ಸೀಲು ಒಣಗಿ ಸೀಳಿದ್ದರೆ ಹೊರಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಕಚ್ಚುತ್ತದೆ. ಎಡಗಡೆ ಕ್ಲಚ್ ಬದಿಯದು ಹೋದರೆ ಅಲ್ಲಿನ ಎಣ್ಣೆಯನ್ನು ಎಂಜಿನ್ ಹೀರಿಕೊಂಡು, ಎಷ್ಟು ಟ್ಯೂನ್ ಮಾಡಿದರೂ ಬಿಳಿ ಹೊಗೆ ನಿಲ್ಲುವುದಿಲ್ಲ. ಕಾರ್ಬುರೇಟರನ್ನು ದೂರಿ ಹಣ ಕಳೆಯುವವರಲ್ಲಿ ಹೆಚ್ಚಿನವರು ಈ ಸೀಲುಗಳನ್ನೇ ಬದಲಿಸಿರುವುದಿಲ್ಲ. ಪಾಯಿಂಟಿನ ಅಂತರ 0.4, ಪ್ಲಗ್ಗಿನದು 0.6 ಮಿಲಿಮೀಟರು. ಕಣ್ಣಂದಾಜು ಬೇಡ, ಫೀಲರ್ ಗೇಜು ಅಗ್ಗವಾಗಿಯೇ ಸಿಗುತ್ತದೆ.

ಮನೆಯಲ್ಲಿ ಮಾಡಲಾಗದ ಕೆಲಸಗಳೂ ಇವೆ. ಸಿಲಿಂಡರ್ ಬೋರಿಂಗ್, ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್ ಕೂರಿಸುವುದು, ಬ್ರೇಕ್ ಲೈನಿಂಗು, ಇವು ಮೂರನ್ನು ಲೇತ್ ಇರುವ ಕಡೆಗೇ ಒಯ್ಯಬೇಕು. ಮೂಲ ಬೋರು 65 ಮಿಲಿಮೀಟರು. ಪಿಸ್ಟನ್ನುಗಳು ಕಾಲು ಕಾಲು ಮಿಲಿಮೀಟರು ಹೆಚ್ಚಿನ ಅಳತೆಗಳಲ್ಲಿ ಬರುತ್ತವೆ. ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಬೋರಿಂಗಿಗೆ ಹೋಗಿ, ಅದಕ್ಕೆ ಅಳೆದು ಕೊರೆಸಿ. ಪಟ್ಟಣದ ಅಂಗಡಿಯೊಂದರಲ್ಲಿ ‘ಅಸಲಿ ಹಳೆಯ ಸ್ಟಾಕು’ ಎಂದು ನಮಗೆ ಕೊಟ್ಟ ಪಿಸ್ಟನ್ ಮೂರನೆಯ ದಿನವೇ ಕಚ್ಚಿತು. ಹಳದಿಗಟ್ಟಿದ ಪೆಟ್ಟಿಗೆಯನ್ನು ನೋಡಿ ನಂಬಿದ್ದು ನಮ್ಮ ತಪ್ಪು. ಪೆಟ್ಟಿಗೆ ಮಾತ್ರ ಹಳೆಯದಾಗಿತ್ತು.

ಟ್ಯಾಂಕಿನ ತುಕ್ಕಿಗೆ ಒಂದು ಹಿಡಿ ಸಣ್ಣ ಜಲ್ಲಿ ಹಾಕಿ ಕುಲುಕಿ, ವಿನೆಗರ್ ತುಂಬಿ ಕೆಲವು ದಿನ ಬಿಟ್ಟು, ವಾಷಿಂಗ್ ಸೋಡದ ನೀರಿನಲ್ಲಿ ತೊಳೆಯಬಹುದು. ಮಳೆಗಾಲದಲ್ಲಿ ಒಣಗಿಸಲು ಬಿಸಿಲಿಲ್ಲವೆಂದು ಅದನ್ನು ಅಡಿಕೆ ಡ್ರೈಯರಿನ ಬಳಿಗೆ ಒಯ್ಯುವ ಯೋಚನೆ ನಮ್ಮವರಿಗೆ ಬಂದೇ ಬರುತ್ತದೆ, ಅದಕ್ಕೇ ಹೇಳುತ್ತಿದ್ದೇವೆ: ಪೆಟ್ರೋಲು ಕಂಡ ಟ್ಯಾಂಕು ಬೆಂಕಿಯ ಹತ್ತಿರ ಸುಳಿಯಕೂಡದು. ತೊಳೆದ ಮೇಲೂ ಒಳಗೆ ಆವಿ ಉಳಿದಿರುತ್ತದೆ.

ಈಗಿನ ಪೆಟ್ರೋಲಿನ ವಿಷಯ ಬೇರೆ. 2025ರ ಹೊತ್ತಿಗೆ ಬಂಕುಗಳಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಕಬ್ಬು ಬೆಳೆಗಾರರಿಗೆ ಒಳ್ಳೆಯದಾದರೆ ನಮಗೆ ಸಂತೋಷವೇ. ಆದರೆ ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯೆಲ್ಲ ತೇವವೇ. ನೀರು ಹೆಚ್ಚಾದಾಗ ಅದು ಎಥೆನಾಲಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿದು ತುಕ್ಕು ಹಿಡಿಸುತ್ತದೆ. ಹಳೆಯ ರಬ್ಬರು ಪೈಪು, ವಾಷರುಗಳು ಮೆತ್ತಗಾಗುತ್ತವೆ. ಆದ್ದರಿಂದ ಪೈಪನ್ನು ಹೊಸ ಬಗೆಯದಕ್ಕೆ ಬದಲಿಸಿ. ಎರಡು ವಾರ ಗಾಡಿ ತೆಗೆಯುವುದಿಲ್ಲವೆಂದಾದರೆ ಕಾರ್ಬುರೇಟರ್ ಬರಿದು ಮಾಡಿ. ಈ ಪೆಟ್ರೋಲಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುವುದರಿಂದ ನಾವು ಕಾರ್ಬುರೇಟರಿನ ಸೂಜಿಯನ್ನು ಒಂದು ಗೀರು ಮೇಲಕ್ಕೆತ್ತಿದೆವು, ಗಾಡಿ ತಣ್ಣಗೆ ಓಡುತ್ತಿದೆ. ಟೂ-ಟಿ ಎಣ್ಣೆ ಲೀಟರಿಗೆ 40 ಮಿಲಿಲೀಟರು, ಹೊಸ ಪಿಸ್ಟನ್ ಹಾಕಿದಾಗ ಮೊದಮೊದಲು 50. ಎಣ್ಣೆ ಹಾಕಿದೆವೋ ಇಲ್ಲವೋ ಎಂಬ ಸಂಶಯ ಬಂದರೆ ಗಾಡಿ ಎಬ್ಬಿಸಬೇಡಿ.

ಕಾಗದಪತ್ರಗಳ ವಿಷಯದಲ್ಲಿ ನಮ್ಮವರು ತೋಟದ ಪಹಣಿಗೆ ಕೊಡುವ ಗಮನದ ಕಾಲುಭಾಗವನ್ನೂ ಕೊಡುವುದಿಲ್ಲ. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಇಪ್ಪತ್ತು ವರ್ಷ ಮೀರಿದ ದ್ವಿಚಕ್ರಕ್ಕೆ ಈ ಶುಲ್ಕ 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿತು. ತಡಮಾಡಿದ್ದಕ್ಕೆ ದಂಡ, ಹಸಿರು ತೆರಿಗೆ ಬೇರೆ. ಗಾಡಿ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ಬದಲಾಯಿಸಿಕೊಳ್ಳಿ. ಅಣ್ಣತಮ್ಮಂದಿರ ಒಪ್ಪಿಗೆಯನ್ನು ಗಾಡಿ ಹೊಳೆಯುವ ಮೊದಲೇ ಪಡೆಯಿರಿ, ಹೊಳೆದ ಮೇಲೆ ಎಲ್ಲರಿಗೂ ಅಪ್ಪನ ನೆನಪಾಗುತ್ತದೆ. ಐವತ್ತು ವರ್ಷ ಮೀರಿದ ಗಾಡಿಗೆ ‘ವಿಂಟೇಜ್’ ಎಂದು ಪ್ರತ್ಯೇಕ ನೋಂದಣಿ 2021ರಿಂದ ಇದೆ. ಅದಕ್ಕೆ 20,000 ರೂಪಾಯಿ ಶುಲ್ಕ. ಅಷ್ಟು ಕೊಟ್ಟ ಮೇಲೆ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗಳಂಥವಕ್ಕಲ್ಲದೆ ದಿನಬಳಕೆಗೆ ಓಡಿಸುವಂತಿಲ್ಲ. ಸಂಘಕ್ಕೆ, ಸಂತೆಗೆ ಹೋಗುವವರಿಗೆ ಅದು ಬೇಡವೆಂದೇ ನಮ್ಮ ಸಲಹೆ.

ಇಷ್ಟೆಲ್ಲ ತೊಂದರೆ ಯಾಕೆ, ಹೊಸ ಸ್ಕೂಟರು ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತದೆ. ಆದರೆ ಇಂದು ನಮ್ಮ ತೋಟಗಳಲ್ಲಿರುವ ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪಿನ ಎಂಜಿನ್, ಮರ ಕೊಯ್ಯುವ ಗರಗಸ, ಇವುಗಳಲ್ಲಿ ಹೆಚ್ಚಿನವು ಟೂ-ಸ್ಟ್ರೋಕೇ. ಕೊಳೆರೋಗ ಕಾಣಿಸಿಕೊಂಡು, ಮಳೆ ಎರಡು ದಿನ ಬಿಡುವು ಕೊಟ್ಟು, ಬೋರ್ಡೋ ಕಲಸಿಟ್ಟು, ಮರ ಹತ್ತುವವರು ಬಂದು ನಿಂತ ಹೊತ್ತಿಗೇ ಎಂಜಿನ್ ಕೈಕೊಡುತ್ತದೆ. ಪಟ್ಟಣದ ಮೆಕ್ಯಾನಿಕ್ಕು ನಾಳೆ ಬರುತ್ತೇನೆನ್ನುತ್ತಾನೆ. ಹಳೆಯ ಜಾವಾವನ್ನು ಒಮ್ಮೆ ಬಿಚ್ಚಿ ಕೂಡಿಸಿದ ಕೈಗೆ ಆ ಎಂಜಿನ್ನು ಆಟದ ಸಾಮಾನು. ನಮ್ಮ ತಮ್ಮನ ಮಗ, ಬಿದ್ದವನೇ, ಕಳೆದ ಮಳೆಗಾಲದಲ್ಲಿ ನೆರೆಯ ನಾಲ್ಕು ಮನೆಗಳ ಪಂಪು ಎಬ್ಬಿಸಿಕೊಟ್ಟ.

ಆದ್ದರಿಂದ ಒಂದು ಸೂಚನೆಯನ್ನು ಆಡಳಿತ ಮಂಡಳಿಯ ಮುಂದಿಡಲಿದ್ದೇವೆ. ದೋಟಿ, ಏಣಿಗಳನ್ನು ಬಾಡಿಗೆಗೆ ಕೊಡುವಂತೆ, ಸಂಘ ಒಂದು ಜೊತೆ ಸಲಕರಣೆ ಕೊಂಡು ಗೋದಾಮಿನಲ್ಲಿಡಲಿ: ಇಂಪ್ಯಾಕ್ಟ್ ಸ್ಕ್ರೂಡ್ರೈವರ್, ಪುಲ್ಲರುಗಳು, ಸರ್‌ಕ್ಲಿಪ್ ಇಕ್ಕಳ, ಫೀಲರ್ ಗೇಜು, ಒಳ್ಳೆಯ ರಿಂಗ್ ಸ್ಪ್ಯಾನರುಗಳು. ಒಬ್ಬೊಬ್ಬರೇ ಕೊಂಡರೆ ಖರ್ಚು ಹೆಚ್ಚು, ವರ್ಷಕ್ಕೆರಡು ಸಲ ಉಪಯೋಗ. ರಿಜಿಸ್ಟರಿಗೆ ಸಹಿ ಮಾಡಿ ಒಯ್ಯಲಿ, ತೊಳೆದು ತಂದುಕೊಡಲಿ. ತೊಳೆಯದೆ ತರುವವರು ಯಾರೆಂದು ನಮಗೆ ಈಗಲೇ ಗೊತ್ತು. ಸದಸ್ಯರ ಅಭಿಪ್ರಾಯವನ್ನು ಮುಂದಿನ ಸಭೆಯೊಳಗೆ ಬರೆದು ತಿಳಿಸಬೇಕಾಗಿ ಕೋರಿಕೆ.

ಮುಂಗಡ ಕೇಳಲು ಬಂದಿದ್ದ ಆ ಸದಸ್ಯರು ಮೊನ್ನೆ ಮತ್ತೆ ಬಂದಿದ್ದರು. ಈ ಸಲ ಅರ್ಜಿಯಿರಲಿಲ್ಲ, ಉಗುರಿನ ಸಂದಿಯಲ್ಲಿ ಗ್ರೀಸಿತ್ತು. ಎರಡೂ ಬ್ರೇಕಿನ ಲೈನಿಂಗು ಆಯಿತಂತೆ, ಎಂಜಿನ್ ಕೆಳಗಿಳಿದಿದೆ. ಕರವಸ್ತ್ರದಿಂದ ಒಂದು ಸಣ್ಣ ವಾಷರು ಬಿಚ್ಚಿ ಮೇಜಿನ ಮೇಲಿಟ್ಟು, ಇದು ಎಲ್ಲಿಯದು ಎಂದು ಕೇಳಿದರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದೆವು. ನಮಗೂ ತಿಳಿಯಲಿಲ್ಲ.