ಕಾಯಿಲೆಯೇ ಇಲ್ಲದ ಕಂಪ್ಯೂಟರಿಗೆ ಮದ್ದು ಮಾರುವವರು

ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ,
ನವದೆಹಲಿ – ಇವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ತಡೆ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಮೋಸಗಳ ಪಟ್ಟಿಯಿದೆ. ‘ಇನ್ನೆರಡೇ ಉಳಿದಿವೆ, ಬೇಗ ಕೊಳ್ಳಿ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಸದ್ದಿಲ್ಲದೆ ಬುಟ್ಟಿಗೆ ಸೇರಿಸುವುದು, ಹಣ ಕಟ್ಟುವ ಹೊತ್ತಿಗೆ ಹೊಸ ಶುಲ್ಕ ತಲೆಯೆತ್ತುವುದು – ಇವನ್ನೆಲ್ಲ ಆನ್‌ಲೈನ್‌ನಲ್ಲಿ ಕೊಂಡುಕೊಳ್ಳುವವರು ಈಗ ಗುರುತು ಹಿಡಿಯುತ್ತಾರೆ. ಪಟ್ಟಿಯ ಕಟ್ಟಕಡೆಗೆ, ಹದಿಮೂರನೆಯದಾಗಿ, ‘ರೋಗ್ ಮಾಲ್‌ವೇರ್’ ಎಂಬುದೊಂದಿದೆ. ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ ಎಂದು ಹೆದರಿಸಿ, ಅದನ್ನು ತೆಗೆಯುವ ನೆಪದಲ್ಲಿ ದುಡ್ಡು ಕೀಳುವುದು ಅದರ ಕಸುಬು. ಅದರ ಸುದ್ದಿಯನ್ನು ಎತ್ತುವವರು ಕಡಿಮೆ. ಈ ಪತ್ರ ಅದೊಂದರ ಬಗ್ಗೆ ಮಾತ್ರ.

ನಡೆಯುವುದು ಹೀಗೆ. ಮನೆಯಲ್ಲಿ ಯಾರೋ ಪಿಡಿಎಫ್ ಜೋಡಿಸುವ ತಂತ್ರಾಂಶವನ್ನೋ, ಕನ್ನಡ ಟೈಪ್ ಮಾಡಲು ‘ನುಡಿ’ಯನ್ನೋ ಹುಡುಕುತ್ತಾರೆ. ಅಧಿಕೃತ ತಾಣಕ್ಕೆ ಹೋಗುವ ಬದಲು ಯಾವುದೋ ಡೌನ್‌ಲೋಡ್ ತಾಣ ತೆರೆದುಕೊಳ್ಳುತ್ತದೆ. ಅಲ್ಲಿ ಬೇಕಾದ ಕೊಂಡಿ ಇರುವುದು ಸಣ್ಣಕ್ಷರದಲ್ಲಿ. ಜಾಹೀರಾತಿನ ‘ಡೌನ್‌ಲೋಡ್’ ಗುಂಡಿ ಮಾತ್ರ ಹಸಿರು ಬಣ್ಣದಲ್ಲಿ ಅಂಗೈಯಗಲ. ಒತ್ತಿದರೆ ಕೇಳಿದ್ದರ ಬದಲು ‘ಪಿಸಿ ಕ್ಲೀನರ್’ ಎಂಬ ಅತಿಥಿ ಬಂದು ಕೂರುತ್ತದೆ. ಕೆಲವೊಮ್ಮೆ ಕೇಳಿದ ತಂತ್ರಾಂಶವೇ ಬರುತ್ತದೆ, ಆದರೆ ಮೊದಲೇ ಟಿಕ್ ಹಾಕಿಟ್ಟ ಚೌಕವೊಂದರ ಮರೆಯಲ್ಲಿ ಈ ಅತಿಥಿಯನ್ನೂ ಕರೆತರುತ್ತದೆ. ಇನ್ನೊಂದು ದಾರಿ ಬ್ರೌಸರಿನದು. ‘ನೀವು ರೋಬಾಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಎನ್ನುವ ಪುಟಕ್ಕೆ ಒಮ್ಮೆ ಹೂಂ ಎಂದರೆ, ಆಮೇಲೆ ದಿನವಿಡೀ ಪರದೆಯ ಬಲ ಮೂಲೆಯಲ್ಲಿ ‘ಐದು ವೈರಸ್ ಸಿಕ್ಕಿವೆ’ ಎಂಬ ಎಚ್ಚರಿಕೆಗಳು. ಅವು ವಿಂಡೋಸ್ ಕೊಡುವ ಎಚ್ಚರಿಕೆಗಳಲ್ಲ. ಯಾವುದೋ ಜಾಲತಾಣ ಕಳಿಸುವ ಜಾಹೀರಾತುಗಳು.

ಆಮೇಲೆ ಸ್ಕ್ಯಾನ್ ಎಂಬ ನಾಟಕ. ಹಸಿರು ಪಟ್ಟಿ ಓಡುತ್ತದೆ, ಅಂಕಿ ಏರುತ್ತದೆ, ಕೊನೆಗೆ ಕೆಂಪಕ್ಷರದಲ್ಲಿ ನೂರಾರು ‘ದೋಷ’ಗಳು. ಈ ದೋಷಗಳೇನು ಎಂದು ಪಟ್ಟಿಯನ್ನು ಬಿಡಿಸಿ ನೋಡುವ ತಾಳ್ಮೆ ಇದ್ದವರಿಗೆ ಗುಟ್ಟು ರಟ್ಟಾಗುತ್ತದೆ. ಜಾಲತಾಣಗಳು ಬಿಟ್ಟುಹೋದ ಕುಕೀಗಳು, ತಾತ್ಕಾಲಿಕ ಕಡತಗಳು, ಎಂದೋ ತೆಗೆದುಹಾಕಿದ ತಂತ್ರಾಂಶಗಳು ರಿಜಿಸ್ಟ್ರಿಯಲ್ಲಿ ಉಳಿಸಿದ ನಮೂದುಗಳು: ಬಳಕೆಯಲ್ಲಿರುವ ಎಲ್ಲ ಕಂಪ್ಯೂಟರಿನಲ್ಲೂ ಇರುವಂಥವೇ. ತಾತ್ಕಾಲಿಕ ಕಡತ ಗುಡಿಸಲು ವಿಂಡೋಸ್‌ನಲ್ಲೇ ‘ಡಿಸ್ಕ್ ಕ್ಲೀನಪ್’, ‘ಸ್ಟೋರೇಜ್ ಸೆನ್ಸ್’ ಇವೆ, ಬಿಡಿಗಾಸು ಕೇಳುವುದಿಲ್ಲ. ರಿಜಿಸ್ಟ್ರಿ ಗುಡಿಸುವ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ತನ್ನ ನೀತಿಯಲ್ಲೇ ಬರೆದಿದೆ. ಅಷ್ಟೇ ಅಲ್ಲ, ಇಂಥ ಕ್ಲೀನರ್‌ಗಳು ಗಾಬರಿ ಹುಟ್ಟಿಸುವ ಮಾತುಗಳಿಂದ ಹಣ ಕಟ್ಟಿಸಲು ನೋಡಿದರೆ ಅವನ್ನು ಬೇಡದ ತಂತ್ರಾಂಶ ಎಂದೇ ಗುರುತಿಸಿ ತೆಗೆದುಹಾಕುವುದಾಗಿ 2018ರ ಮಾರ್ಚ್ 1ರಿಂದ ಆ ಕಂಪನಿ ನಿಯಮ ಮಾಡಿತು. ಒಂದು ಖಾಸಗಿ ಕಂಪನಿ ಮೋಸವೆಂದು ಕರೆದದ್ದಕ್ಕೆ ಸರ್ಕಾರದ ಮಾರ್ಗಸೂಚಿಯಲ್ಲಿ ಹೆಸರು ಸಿಗಲು ಮತ್ತೂ ಐದು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಇದಕ್ಕೆ ಬೀಳುವವರು ಪೆದ್ದರೇನಲ್ಲ. ಅವರ ಕಂಪ್ಯೂಟರ್ ನಿಜಕ್ಕೂ ನಿಧಾನವಾಗಿರುತ್ತದೆ. ಹಳೆಯ ಹಾರ್ಡ್ ಡಿಸ್ಕ್, ಸಾಲದ ರ್‍ಯಾಮ್, ಆನ್ ಮಾಡಿದ ಕೂಡಲೇ ತಾವಾಗಿ ಏಳುವ ಹತ್ತಾರು ತಂತ್ರಾಂಶಗಳು – ಕಾರಣ ಸಾಮಾನ್ಯವಾಗಿ ಇಷ್ಟೇ. ಅದೇ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸಿದರೆ ಯಾವ ಕ್ಲೀನರೂ ಕೊಡಲಾರದ ವೇಗ ಬರುತ್ತದೆ. ಇದರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ಮುಗಿಯಿತು. ‘ನಿಮ್ಮ ಕಂಪ್ಯೂಟರ್ ಸುರಕ್ಷಿತವಲ್ಲ’ ಎಂದು ಹೆದರಿಸುವವರಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಬೇಕೆ?

ಬಂದ ಅತಿಥಿಯನ್ನು ಹೊರಗೆ ಕಳಿಸಲು ಸಾಮಾನ್ಯ ಗ್ರಾಹಕನೊಬ್ಬ ಏನೆಲ್ಲ ಮಾಡಬೇಕು ಎಂಬುದನ್ನು ತಾವೊಮ್ಮೆ ಗಮನಿಸಬೇಕು. ಪತ್ರ ಬಹಿರಂಗವಾದ್ದರಿಂದ ತೊಂದರೆಯಲ್ಲಿರುವ ಬೇರೆಯವರಿಗೂ ಇದು ಉಪಯೋಗಕ್ಕೆ ಬಂದೀತು. ಮೊದಲ ಕೆಲಸ, ಹಣ ಕಟ್ಟದಿರುವುದು, ಪರದೆಯ ಮೇಲಿನ ನಂಬರಿಗೆ ಫೋನ್ ಮಾಡದಿರುವುದು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು, ಅದನ್ನು ದಿನಾಂಕದ ಪ್ರಕಾರ ಜೋಡಿಸಿಕೊಳ್ಳಬೇಕು. ತೊಂದರೆ ಶುರುವಾದ ದಿನ ಬಂದ ಅಪರಿಚಿತ ಹೆಸರುಗಳೆಲ್ಲ ಮೇಲೆಯೇ ಸಿಗುತ್ತವೆ. ಸಾಮಾನ್ಯವಾಗಿ ಒಂದಿರುವುದಿಲ್ಲ, ಎರಡು ಮೂರು ಇರುತ್ತವೆ. ಅನ್‌ಇನ್‌ಸ್ಟಾಲ್ ಒತ್ತಿದರೆ ಅದು ಸುಮ್ಮನೆ ಹೋಗುವ ಜಾತಿಯಲ್ಲ. ‘ನಿಜವಾಗಿಯೂ ಅಪಾಯಕ್ಕೆ ಒಡ್ಡಿಕೊಳ್ಳುತ್ತೀರಾ’ ಎಂದು ಕೇಳುತ್ತದೆ, ಅರ್ಧ ಬೆಲೆಗೆ ಕೊಡುತ್ತೇನೆ ಎನ್ನುತ್ತದೆ, ‘ತೆಗೆಯಬೇಡ’ ಎಂಬ ಗುಂಡಿಯನ್ನು ದೊಡ್ಡದಾಗಿಯೂ ‘ತೆಗೆ’ ಎಂಬುದನ್ನು ಮಸುಕಾಗಿಯೂ ತೋರಿಸುತ್ತದೆ. (ತಮ್ಮ ಪಟ್ಟಿಯ ಇನ್ನೂ ಮೂರು ಡಾರ್ಕ್ ಪ್ಯಾಟರ್ನ್‌ಗಳು ಈ ಒಂದೇ ಕಿಟಕಿಯಲ್ಲಿ ಸಿಗುತ್ತವೆ.) ‘ಈ ತಂತ್ರಾಂಶ ಈಗ ಓಡುತ್ತಿದೆ, ತೆಗೆಯಲಾಗದು’ ಎಂದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಅದನ್ನು ನಿಲ್ಲಿಸಬೇಕು, ಅದಕ್ಕೂ ಬಗ್ಗದಿದ್ದರೆ ಸೇಫ್ ಮೋಡ್‌ನಲ್ಲಿ ಕಂಪ್ಯೂಟರ್ ತೆರೆಯಬೇಕು.

ಹೋಯಿತು ಅಂದುಕೊಂಡ ಮೇಲೂ ಬಾಲ ಉಳಿದಿರುತ್ತದೆ. ಸ್ಟಾರ್ಟಪ್ ಪಟ್ಟಿಯಲ್ಲೊಂದು ನಮೂದು, ಟಾಸ್ಕ್ ಶೆಡ್ಯೂಲರ್‌ನಲ್ಲಿ ದಿನಾ ಇಷ್ಟು ಹೊತ್ತಿಗೆ ಏಳು ಎಂಬ ಆದೇಶ, ಬ್ರೌಸರಿನಲ್ಲೊಂದು ಎಕ್ಸ್‌ಟೆನ್ಶನ್, ಬದಲಾದ ಹೋಮ್‌ಪೇಜ್. ನೋಟಿಫಿಕೇಶನ್ ಅನುಮತಿ ಪಡೆದ ತಾಣಗಳ ಪಟ್ಟಿ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಬೇರೆಯೇ ಇರುತ್ತದೆ. ಅಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ಅಳಿಸದಿದ್ದರೆ ಮೂಲೆಯ ಎಚ್ಚರಿಕೆಗಳು ನಿಲ್ಲುವುದಿಲ್ಲ. ತಂತ್ರಾಂಶವನ್ನು ತೆಗೆದ ಮೇಲೂ ವೈರಸ್ ಸಂದೇಶ ಬರುತ್ತಿದೆ ಎಂದು ದೂರುವ ಎಷ್ಟೋ ಮಂದಿ ಎಡವಿರುವುದು ಇಲ್ಲೇ. ಕೊನೆಗೆ ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಫುಲ್ ಸ್ಕ್ಯಾನ್’, ಅನುಮಾನ ಉಳಿದರೆ ‘ಆಫ್‌ಲೈನ್ ಸ್ಕ್ಯಾನ್’ ಮಾಡಬೇಕು. ಬೇಡದ ಆ್ಯಪ್‌ಗಳನ್ನು ತಡೆಯುವ ಸ್ವಿಚ್ಚೂ ಅದರೊಳಗೇ ಇದೆ, ಆನ್ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಎರಡನೆಯ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನವರ ಆ್ಯಡ್‌ಡಬ್ಲ್ಯುಕ್ಲೀನರ್ ಉಚಿತವಾಗಿ ಸಿಗುತ್ತದೆ. ನಮ್ಮ ಸರ್ಕಾರದ್ದೇ ಸೈಬರ್ ಸ್ವಚ್ಛತಾ ಕೇಂದ್ರವೂ 2017ರ ಫೆಬ್ರುವರಿಯಿಂದ ಉಚಿತ ಉಪಕರಣಗಳನ್ನು ಕೊಡುತ್ತಿದೆ. ಅದು ಇದೆ ಎಂಬುದು ಎಷ್ಟು ಮನೆಗಳಿಗೆ ಗೊತ್ತಿದೆಯೋ!

ಹಣ ಕಟ್ಟಿಯಾಗಿದ್ದರೆ ಕೆಲಸ ಇನ್ನೂ ಇದೆ. ಈ ಕ್ಲೀನರ್‌ಗಳು ಒಂದು ಸಲ ಹಣ ಪಡೆದು ಸುಮ್ಮನಾಗುವುದು ಅಪರೂಪ, ವರ್ಷ ವರ್ಷ ಕಾರ್ಡಿನಿಂದ ತಾವೇ ತೆಗೆದುಕೊಳ್ಳುವ ಏರ್ಪಾಡು ಮಾಡಿಕೊಂಡಿರುತ್ತವೆ. ಈ ವಿಷಯದಲ್ಲಿ ಭಾರತದ ಗ್ರಾಹಕ ಅದೃಷ್ಟವಂತ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮದಂತೆ ಹಾಗೆ ಹಣ ಕಡಿತವಾಗುವ ಮುಂಚೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು, ಬೇಡವೆಂದರೆ ಮ್ಯಾಂಡೇಟ್ ರದ್ದು ಮಾಡಲು ಅವಕಾಶವಿರಬೇಕು. ಇನ್ನು ‘ಟೆಕ್ನಿಶಿಯನ್’ ಎಂದು ಹೇಳಿಕೊಂಡವನಿಗೆ ಎನಿಡೆಸ್ಕ್‌ನಂಥ ತಂತ್ರಾಂಶದ ಮೂಲಕ ಕಂಪ್ಯೂಟರನ್ನು ಬಿಟ್ಟುಕೊಟ್ಟಿದ್ದರೆ ವಿಷಯ ಗಂಭೀರ. ತಕ್ಷಣ ಇಂಟರ್ನೆಟ್ ಕಿತ್ತು, ಬೇರೊಂದು ಸಾಧನದಿಂದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು.

ಮಾನ್ಯರೇ, ಇಷ್ಟೆಲ್ಲವನ್ನೂ ಗ್ರಾಹಕ ಮಾಡಬೇಕು. ಮಾರಿದವನು ಏನೂ ಮಾಡಬೇಕಿಲ್ಲ.

ಬೇರೆ ಕಡೆ ಹೀಗಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯ 2006ರಲ್ಲೇ ‘ಸ್ಪೈವೇರ್ ಕ್ಲೀನರ್’ ಎಂಬ ಸರಕನ್ನು ಕೋರ್ಟಿಗೆ ಎಳೆದು, ಅದೇ ವರ್ಷ ಹತ್ತು ಲಕ್ಷ ಡಾಲರಿನ ಒಪ್ಪಂದಕ್ಕೆ ಕಂಪನಿಯನ್ನು ಮಣಿಸಿತು. ಎರಡು ವರ್ಷದ ನಂತರ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ (ಎಫ್‌ಟಿಸಿ) ವಿನ್‌ಫಿಕ್ಸರ್, ಡ್ರೈವ್‌ಕ್ಲೀನರ್, ಎಕ್ಸ್‌ಪಿ ಆ್ಯಂಟಿವೈರಸ್ ಎಂಬ ಹೆಸರುಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ವಂಚಿಸಿದ ಜಾಲದ ಮೇಲೆ ಬಿದ್ದಿತು. ಆ ಜಾಲದ ಕಂಪನಿ ನೋಂದಣಿಯಾಗಿದ್ದು ಬೆಲೀಜ್‌ನಲ್ಲಿ, ಕೆಲಸ ಮಾಡುತ್ತಿದ್ದುದು ಉಕ್ರೇನಿನಲ್ಲಿ. ಆದರೂ 2012ರಲ್ಲಿ ಕೋರ್ಟು ಆ ಪ್ರಕರಣದ ಆರೋಪಿಯೊಬ್ಬರಿಗೆ 16.3 ಕೋಟಿ ಡಾಲರ್ ತೆರುವಂತೆ ಹೇಳಿತು.

ಆಫೀಸ್ ಡಿಪೊ ಪ್ರಕರಣ ಇನ್ನೂ ಸ್ವಾರಸ್ಯದ್ದು. ಅದು ಅನಾಮಿಕ ಜಾಲವಲ್ಲ, ಊರೂರಲ್ಲಿ ಅಂಗಡಿಗಳಿರುವ ದೊಡ್ಡ ಕಂಪನಿ. ಗಿರಾಕಿ ತಂದ ಕಂಪ್ಯೂಟರನ್ನು ‘ಪಿಸಿ ಹೆಲ್ತ್ ಚೆಕ್’ ಎಂಬ ತಂತ್ರಾಂಶದಿಂದ ಉಚಿತವಾಗಿ ಪರೀಕ್ಷಿಸುತ್ತಿದ್ದರು. ಪರೀಕ್ಷೆಗೆ ಮುಂಚೆ ನಾಲ್ಕು ಪ್ರಶ್ನೆ: ಕಂಪ್ಯೂಟರ್ ನಿಧಾನವೇ, ಪಾಪ್-ಅಪ್ ಬರುತ್ತವೆಯೇ, ವೈರಸ್ ಎಚ್ಚರಿಕೆ ಬಂದಿತ್ತೇ, ಕೈಕೊಡುತ್ತದೆಯೇ. ಒಂದಕ್ಕೆ ಟಿಕ್ ಬಿದ್ದರೆ ಸಾಕು, ಸ್ಕ್ಯಾನಿನಲ್ಲಿ ಏನೇ ಸಿಗಲಿ, ಸಿಗದಿರಲಿ, ‘ಮಾಲ್‌ವೇರ್ ಲಕ್ಷಣಗಳು ಕಂಡಿವೆ’ ಎಂಬ ಫಲಿತಾಂಶ ಬರುತ್ತಿತ್ತು. ಫಲಿತಾಂಶ ಗೊತ್ತಾದ ಮೇಲೆ ನಡೆಯುವ ಪರೀಕ್ಷೆಯದು! ಸಿಯಾಟಲ್‌ನ ಒಂದು ಟಿ.ವಿ. ವಾಹಿನಿಯವರು 2016ರಲ್ಲಿ ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಚ್ಚಹೊಸ ಕಂಪ್ಯೂಟರುಗಳನ್ನು ಆ ಅಂಗಡಿಗಳಿಗೆ ಒಯ್ದರು. ಅವುಗಳಲ್ಲಿ ಹಲವಕ್ಕೂ ದುಬಾರಿ ರಿಪೇರಿ ಬೇಕು ಎಂಬ ಉತ್ತರ ಬಂತು. ಎಫ್‌ಟಿಸಿ ಹೂಡಿದ ಪ್ರಕರಣದಲ್ಲಿ 2019ರಲ್ಲಿ ಆಫೀಸ್ ಡಿಪೊ ಎರಡೂವರೆ ಕೋಟಿ ಡಾಲರನ್ನೂ ತಂತ್ರಾಂಶ ಕೊಟ್ಟ ಸಪೋರ್ಟ್ ಡಾಟ್ ಕಾಮ್ ಒಂದು ಕೋಟಿ ಡಾಲರನ್ನೂ ತೆತ್ತವು. ಆ ಹಣ ಐದು ಲಕ್ಷಕ್ಕೂ ಹೆಚ್ಚು ಗಿರಾಕಿಗಳಿಗೆ ಹಂಚಿಕೆಯಾಯಿತು.

ಇನ್ನೊಂದು 2024ರ ಮಾರ್ಚಿನದು. ಸೈಪ್ರಸ್‌ನಲ್ಲಿದ್ದ ರೆಸ್ಟೊರೊ ಮತ್ತು ರೀಇಮೇಜ್ ಎಂಬ ಕಂಪನಿಗಳು ವಿಂಡೋಸ್‌ನದೇ ಎಂಬಂತೆ ಕಾಣುವ ಎಚ್ಚರಿಕೆಗಳಿಂದ ಜನರನ್ನು ಹೆದರಿಸಿ, ಮೊದಲು ಅಗ್ಗದ ತಂತ್ರಾಂಶ ಮಾರಿ, ಆಮೇಲೆ ಫೋನಿನಲ್ಲಿ ನೂರಾರು ಡಾಲರಿನ ‘ರಿಪೇರಿ’ ಮಾರುತ್ತಿದ್ದವು. ಎಫ್‌ಟಿಸಿ ಮಾಡಿದ್ದು ಸರಳ: ತನ್ನ ತನಿಖಾಧಿಕಾರಿಗಳಿಂದಲೇ ಗಿರಾಕಿಗಳ ಸೋಗಿನಲ್ಲಿ ಆ ತಂತ್ರಾಂಶವನ್ನು ಕೊಳ್ಳಿಸಿತು. ಆ್ಯಂಟಿವೈರಸ್ ಇದ್ದ, ತೊಂದರೆಯಿಲ್ಲದ ಕಂಪ್ಯೂಟರಿನಲ್ಲಿ ಓಡಿಸಿದರೂ ದೋಷಗಳ ಸಾಲೇ ಸಾಲು. ಕಂಪನಿಗಳು 2.6 ಕೋಟಿ ಡಾಲರ್ ಕಟ್ಟಿದವು, ಅದೂ ಜನರಿಗೆ ವಾಪಸಾಯಿತು.

ಇಲ್ಲಿನ ಕಥೆ ನೋಡಿ. ಸಿಬಿಐ 2023ರ ಅಕ್ಟೋಬರಿನಲ್ಲಿ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ ಕರ್ನಾಟಕವೂ ಸೇರಿದಂತೆ ದೇಶದ 76 ಕಡೆ ಶೋಧ ನಡೆಸಿತು. ಅದರಲ್ಲಿ ಟೆಕ್ ಸಪೋರ್ಟ್ ಸೋಗಿನ ಕಾಲ್ ಸೆಂಟರ್‌ಗಳ ಮೇಲಿನ ಪ್ರಕರಣಗಳು ದಾಖಲಾದದ್ದು ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರಿನಿಂದ. ಮೋಸಹೋದವರು ಮುಖ್ಯವಾಗಿ ಅಮೆರಿಕದವರು. ದಾಳಿ ಒಳ್ಳೆಯದೇ. ಆದರೆ ಹಾಸನದಲ್ಲೋ ಬೀದರಿನಲ್ಲೋ ಕೂತು ಕ್ಲೀನರ್‌ಗೆ ಹಣ ಕಟ್ಟಿದವರು ದೂರು ಹಿಡಿದು ಹೋಗಬೇಕಾದ ಬಾಗಿಲು ಪೊಲೀಸರದ್ದಲ್ಲ, ತಮ್ಮದು.

ಆ ಬಾಗಿಲಿನಲ್ಲೇ ಒಂದು ತೊಡಕಿದೆ. ಹದಿಮೂರನೆಯ ಕಲಮಿನ ವ್ಯಾಖ್ಯೆ, ಹೆದರಿಸಿ ಮಾರಿದ ನಕಲಿ ಉಪಕರಣ ‘ವಾಸ್ತವದಲ್ಲಿ ಮಾಲ್‌ವೇರನ್ನೇ ಸ್ಥಾಪಿಸುತ್ತದೆ’ ಎಂಬಲ್ಲಿಗೆ ಮುಗಿಯುತ್ತದೆ. ಮೇಲೆ ಹೇಳಿದ ಆಫೀಸ್ ಡಿಪೊ ತಂತ್ರಾಂಶ ಯಾವ ಮಾಲ್‌ವೇರನ್ನೂ ಹಾಕಲಿಲ್ಲ. ಸುಳ್ಳು ಹೇಳಿತು, ಅಷ್ಟೇ. ಹಾಗಾದರೆ ಅದು ನಮ್ಮ ಕಲಮಿಗೆ ಸಿಗುವುದೇ? ಮಾರುವವನ ವಕೀಲ ಮೊದಲು ಹಿಡಿಯುವುದೇ ಈ ಎಳೆಯನ್ನು: ‘ನಮ್ಮ ತಂತ್ರಾಂಶ ಕುಕೀ ಅಳಿಸುತ್ತದೆ, ಹೇಳಿದ ಕೆಲಸ ಮಾಡುತ್ತದೆ, ಇದರಲ್ಲಿ ಮಾಲ್‌ವೇರ್ ಎಲ್ಲಿದೆ?’ ಮಾಲ್‌ವೇರ್ ಇದೆಯೋ ಇಲ್ಲವೋ ಎನ್ನುವ ಪ್ರಯೋಗಾಲಯದ ಜಗಳಕ್ಕೆ ಇಳಿದರೆ ಗ್ರಾಹಕ ಸೋತಂತೆಯೇ. ಅಪರಾಧ ಇರುವುದು ಸುಳ್ಳು ರೋಗಪತ್ರದಲ್ಲಿ.

ಎಲ್ಲ ಕ್ಲೀನರ್‌ಗಳೂ ಕಳ್ಳರೆಂದು ಈ ಪತ್ರ ಹೇಳುತ್ತಿಲ್ಲ. ಹಾಗಂತ ಒಳ್ಳೆಯ ಹೆಸರೂ ಪೂರಾ ಭದ್ರವಲ್ಲ. ಹೆಸರುವಾಸಿ ಸಿಕ್ಲೀನರ್‌ನ ಒಂದು ಆವೃತ್ತಿಯೊಳಗೆ 2017ರಲ್ಲಿ ಹ್ಯಾಕರುಗಳು ತಮ್ಮ ಕೋಡ್ ಸೇರಿಸಿ, 22 ಲಕ್ಷಕ್ಕೂ ಹೆಚ್ಚು ಬಳಕೆದಾರರಿಗೆ ತಲುಪಿಸಿದ್ದರು. ಅಲ್ಲಿ ಕಂಪನಿಯೂ ಮೋಸಹೋಗಿತ್ತು ಅನ್ನಿ.

ಪ್ರಾಧಿಕಾರದ ಕೈಯಲ್ಲಿ ಅಧಿಕಾರವಿಲ್ಲ ಎನ್ನುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರಿಗೆ ಕಾಯದೆ ತಾನಾಗಿಯೇ ತನಿಖೆ ಶುರುಮಾಡಲು, ಅನುಚಿತ ವ್ಯಾಪಾರವನ್ನು ನಿಲ್ಲಿಸಲು, ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಕೊಟ್ಟಿದೆ. 2025ರ ಆಗಸ್ಟಿನಲ್ಲಿ ಬೆಂಗಳೂರಿನ ರ್‍ಯಾಪಿಡೊಗೆ ಜಾಹೀರಾತಿನ ವಿಷಯದಲ್ಲಿ 10 ಲಕ್ಷ ದಂಡ ವಿಧಿಸಿ, ಮಾತು ಕೊಟ್ಟು ತಪ್ಪಿದ ಐವತ್ತು ರೂಪಾಯಿಯನ್ನು ಗ್ರಾಹಕರಿಗೆ ಹಿಂತಿರುಗಿಸಲು ಆದೇಶಿಸಿದ್ದು ತಾವೇ. ಐವತ್ತು ರೂಪಾಯಿಗೆ ಸಿಕ್ಕ ನ್ಯಾಯ ಕ್ಲೀನರ್‌ಗೆ ಕಟ್ಟಿದ ಎರಡು ಮೂರು ಸಾವಿರಕ್ಕೂ ಸಿಗಬೇಕು. ಮಾರುವವರು ವಿದೇಶದಲ್ಲಿದ್ದಾರೆ ಎಂಬ ನೆಪವೂ ನಿಲ್ಲದು. ಭಾರತದಲ್ಲಿ ವ್ಯವಸ್ಥಿತವಾಗಿ ಸರಕು, ಸೇವೆ ಮಾರುವ ಎಲ್ಲ ವೇದಿಕೆಗಳಿಗೂ ಮಾರ್ಗಸೂಚಿ ಅನ್ವಯ ಎಂದು ಬರೆದಿಟ್ಟವರೂ ತಾವೇ.

2025ರ ಜೂನ್‌ನಲ್ಲಿ ಇ-ಕಾಮರ್ಸ್ ವೇದಿಕೆಗಳಿಗೆ ಡಾರ್ಕ್ ಪ್ಯಾಟರ್ನ್‌ಗಳಿವೆಯೇ ಎಂದು ಮೂರು ತಿಂಗಳೊಳಗೆ ತಮ್ಮನ್ನು ತಾವೇ ಪರಿಶೀಲಿಸಿಕೊಳ್ಳಲು ಪ್ರಾಧಿಕಾರ ಸೂಚಿಸಿತು. ದೊಡ್ಡ ಅಂಗಡಿಗಳಿಗೆ ಅದು ಸರಿಹೋದೀತು. ಸುಳ್ಳು ಸ್ಕ್ಯಾನನ್ನೇ ಬಂಡವಾಳ ಮಾಡಿಕೊಂಡವನು ಸ್ವಂತ ತಪಾಸಣೆ ಮಾಡಿಕೊಂಡು ತಪ್ಪೊಪ್ಪಿಕೊಳ್ಳುತ್ತಾನೆಯೇ?

ಹಾಗಾಗಿ ಕೋರಿಕೆಗಳು ಮೂರೇ. ಸುಳ್ಳು ಸ್ಕ್ಯಾನ್ ಫಲಿತಾಂಶ ತೋರಿಸಿ ಹಣ ಕೇಳುವುದೇ ಹದಿಮೂರನೆಯ ಕಲಮಿನ ಉಲ್ಲಂಘನೆ, ಮಾಲ್‌ವೇರ್ ಇರಲೇಬೇಕಿಲ್ಲ ಎಂದು ಒಂದು ಸ್ಪಷ್ಟೀಕರಣ ಹೊರಡಿಸಬೇಕು. ಕ್ಲೀನರ್‌ನಿಂದ ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ದೂರು ತೆಗೆದುಕೊಳ್ಳುವುದರ ಜೊತೆಗೆ, ತಂತ್ರಾಂಶವನ್ನು ತೆಗೆಯುವ ಕ್ರಮವನ್ನೂ ಮ್ಯಾಂಡೇಟ್ ರದ್ದತಿಯ ದಾರಿಯನ್ನೂ ಕನ್ನಡದಲ್ಲಿ, ಉಳಿದ ಭಾಷೆಗಳಲ್ಲಿ ಹೇಳಿಕೊಡುವ ವ್ಯವಸ್ಥೆ ಆಗಬೇಕು. ಮೂರನೆಯದು ಸಲೀಸು. ಪ್ರಾಧಿಕಾರದ ಕಚೇರಿಗೆ ಒಂದು ಹೊಸ ಲ್ಯಾಪ್‌ಟಾಪ್ ತರಿಸಿ, ಹುಡುಕಾಟದ ಪುಟದಲ್ಲಿ ‘ಪಿಸಿ ಕ್ಲೀನರ್’ ಎಂದು ಟೈಪಿಸಿ, ಜಾಹೀರಾತಿನಲ್ಲಿ ಬರುವ ಮೊದಲ ನಾಲ್ಕೈದನ್ನು ಇಳಿಸಿಕೊಂಡು ಓಡಿಸಿ ನೋಡಲಿ. ಹೊಸ ಯಂತ್ರದಲ್ಲಿ ಯಾವ್ಯಾವುದು ಎಷ್ಟೆಷ್ಟು ದೋಷ ಕಂಡಿತು, ಎಷ್ಟು ರೂಪಾಯಿ ಕೇಳಿತು ಎಂಬ ಪಟ್ಟಿಯನ್ನು ಹೆಸರು ಸಮೇತ ಪ್ರಕಟಿಸಲಿ.

ಇತಿ,
ಗೌರವಗಳೊಂದಿಗೆ,
ಕರ್ನಾಟಕದ ಒಬ್ಬ ಗ್ರಾಹಕ